ದಿಲ್ಲಿಯಲ್ಲಿ ದಿನಕ್ಕೊಂದು ವಸ್ತು

ದಿಲ್ಲಿಗೆ ಟಿಕೆಟ್ ಮಾಡುವ ಮೊದಲು ಕ್ಯಾಲೆಂಡರ್‌ನಲ್ಲಿ ಸೋಮವಾರ ಎಲ್ಲಿ ಬೀಳುತ್ತದೆ ನೋಡಿಕೊಳ್ಳಿ. ನ್ಯಾಷನಲ್ ಮ್ಯೂಸಿಯಂ, ಕ್ರಾಫ್ಟ್ಸ್ ಮ್ಯೂಸಿಯಂ, ರೈಲ್ ಮ್ಯೂಸಿಯಂ, ಕೆಂಪು ಕೋಟೆ, ಗಾಂಧಿ ಸ್ಮೃತಿ, ಲೋಟಸ್ ಟೆಂಪಲ್, ಅಕ್ಷರಧಾಮ, ಎಲ್ಲಕ್ಕೂ ಸೋಮವಾರವೇ ರಜೆ. ಶನಿವಾರ ಸಂಜೆ ಇಳಿದು ಸೋಮವಾರ ರಾತ್ರಿ ಹೊರಡುವವರಿಗೆ ಸಿಗುವುದು ಒಂದು ಭಾನುವಾರ ಮಾತ್ರ. ಅವತ್ತು ಎಲ್ಲ ಕಡೆಯೂ ಜನವೋ ಜನ. ಅದಕ್ಕೇ ನಾವು ಭಾನುವಾರ ರಾತ್ರಿ ತಲುಪುವ ಹಾಗೆ ಹೊರಟೆವು. ದಿನಾ ತೆರೆದಿರುವ ಕುತುಬ್ ಮಿನಾರ್ ಮತ್ತು ಇಂಡಿಯಾ ಗೇಟ್ ಕಡೆಯನ್ನು ಸೋಮವಾರಕ್ಕೆ ಇಟ್ಟುಕೊಂಡೆವು.

ನಾವು ಅಂದರೆ ನಾನು, ಅಮ್ಮ ಮತ್ತು ಅಣ್ಣನ ಮಗ. ಅಮ್ಮನಿಗೆ ಮಂಡಿನೋವು. ಹುಡುಗ ಒಂದು ಕಡೆ ಐದು ನಿಮಿಷ ನಿಲ್ಲುವವನಲ್ಲ. ಒಂದೇ ದಿನದಲ್ಲಿ ಏಳೆಂಟು ಜಾಗ ತೋರಿಸುವ ಬಸ್ಸುಗಳು ದಿಲ್ಲಿಯಲ್ಲಿ ಬೇಕಾದಷ್ಟಿವೆ. ಅವು ನಮಗೆ ಆಗುವಂಥದ್ದಲ್ಲ. ಹಾಗಾಗಿ ಬೇರೆ ರೀತಿ ಯೋಚಿಸಿದೆವು. ಜಾಗ ಆರಿಸುವ ಬದಲು ವಸ್ತು ಆರಿಸುವುದು. ದಿನಕ್ಕೊಂದು ವಸ್ತು. ಅದನ್ನು ಸಮಾಧಾನವಾಗಿ ನೋಡುವುದು, ಆಮೇಲೆ ಅದರ ಆಸುಪಾಸಿನಲ್ಲಿ ಏನಿದೆಯೋ ಆದಷ್ಟು ನೋಡುವುದು. ಹುಡುಗ ಮೈಸೂರು ಮಹಾರಾಜರ ರೈಲು ಬೋಗಿ ಅಂದ. ಅಮ್ಮ ಶಾಲೆಯ ಪುಸ್ತಕದಲ್ಲಿ ನೋಡಿದ್ದ ಮೊಹೆಂಜೊದಾರೋ ನರ್ತಕಿ ಅಂದಳು. ನಾನು ಭೂತಗಳನ್ನು ಕೇಳಿದೆ. ಅದರ ಕಥೆ ಮುಂದೆ ಹೇಳುತ್ತೇನೆ.

ಕುತುಬ್ ಆವರಣಕ್ಕೆ ಬೆಳಿಗ್ಗೆ ಬೇಗ ಹೋಗಬೇಕು. ಬಿಸಿಲು ಏರಿದ ಮೇಲೆ ಅಲ್ಲಿ ನೆರಳು ಕಡಿಮೆ. ಯೆಲ್ಲೋ ಲೈನಿನಲ್ಲಿ ಕುತುಬ್ ಮಿನಾರ್ ಅಂತಲೇ ಮೆಟ್ರೋ ಸ್ಟೇಷನ್ ಇದೆ. ಆದರೆ ಅಲ್ಲಿಂದ ಗೇಟಿಗೆ ಒಂದು ಕಿಲೋಮೀಟರಿಗಿಂತ ಜಾಸ್ತಿ ದೂರ, ವಯಸ್ಸಾದವರಿದ್ದರೆ ಆಟೋ ಹಿಡಿಯಿರಿ. ಮಿನಾರಿನ ಎತ್ತರ ಸುಮಾರು 73 ಮೀಟರ್. ಒಳಗೆ 379 ಮೆಟ್ಟಿಲುಗಳಿವೆ, ಆದರೆ ಹತ್ತಲು ಬಿಡುವುದಿಲ್ಲ. 1981ರಲ್ಲಿ ಒಳಗೆ ಕಾಲ್ತುಳಿತವಾಗಿ ಶಾಲಾ ಮಕ್ಕಳೂ ಸೇರಿ ಹಲವರು ಸತ್ತರು. ಅವತ್ತಿನಿಂದ ಬಾಗಿಲು ಮುಚ್ಚಿದೆ. ಇದನ್ನು ಕೇಳಿ ಹುಡುಗ ತುಂಬಾ ಹೊತ್ತು ಆ ಬಾಗಿಲನ್ನೇ ನೋಡುತ್ತಾ ನಿಂತ.

ಅಲ್ಲಿ ನಾವು ಆರಿಸಿದ್ದ ವಸ್ತು ಕಬ್ಬಿಣದ ಕಂಬ. ಏಳು ಮೀಟರ್ ಮೀರಿದ ಎತ್ತರ, ಆರು ಟನ್ನಿಗಿಂತ ಹೆಚ್ಚು ತೂಕ. ಗುಪ್ತರ ಕಾಲದ್ದು, ಅಂದರೆ ಮಿನಾರಿಗಿಂತ ಸುಮಾರು ಎಂಟು ಶತಮಾನ ಹಳೆಯದು. ಇಷ್ಟು ಮಳೆಗಾಲ ಕಳೆದರೂ ತುಕ್ಕು ತಿಂದು ಹಾಕಿಲ್ಲ. ಆ ಕಬ್ಬಿಣದಲ್ಲಿ ರಂಜಕದ ಅಂಶ ಜಾಸ್ತಿ. ಅದರಿಂದ ಮೈಮೇಲೆ ತೆಳುವಾದ ಒಂದು ಪದರ ಕಟ್ಟಿಕೊಂಡು ಒಳಗಿನ ಲೋಹವನ್ನು ಕಾಪಾಡುತ್ತದೆ. ಕಂಬದ ಮೇಲೆ ಸಂಸ್ಕೃತದ ಶಾಸನವಿದೆ. ಸುತ್ತಲೂ ಬೇಲಿ ಹಾಕಿದ್ದಾರೆ, ಆದರೂ ಅಕ್ಷರದ ಸಾಲುಗಳು ಕಣ್ಣಿಗೆ ಬೀಳುತ್ತವೆ.

ಮಧ್ಯಾಹ್ನ ರೂಮಿನಲ್ಲಿ ಮಲಗಿದೆವು. ಇದನ್ನು ದಯವಿಟ್ಟು ನಿಮ್ಮ ಪ್ಲಾನಿನಲ್ಲೂ ಬರೆದಿಡಿ. ದೊಡ್ಡವರಿಗೂ ಮಕ್ಕಳಿಗೂ ಮಧ್ಯಾಹ್ನದ ಎರಡು ಗಂಟೆ ವಿಶ್ರಾಂತಿ ಸಿಕ್ಕರೆ ಸಂಜೆ ಇನ್ನೊಂದು ಜಾಗ ಖುಷಿಯಿಂದ ನೋಡುತ್ತಾರೆ.

ಸಂಜೆ ಇಂಡಿಯಾ ಗೇಟ್. ಅದರ ಪಕ್ಕದಲ್ಲೇ 2019ರಲ್ಲಿ ತೆರೆದ ರಾಷ್ಟ್ರೀಯ ಯುದ್ಧ ಸ್ಮಾರಕ. ಬಹಳ ಜನ ಇಂಡಿಯಾ ಗೇಟಿನ ಮುಂದೆ ಫೋಟೋ ತೆಗೆದುಕೊಂಡು ಹಾಗೇ ವಾಪಸ್ ಹೋಗುತ್ತಾರೆ. ಹಾಗೆ ಮಾಡಬೇಡಿ. ಸ್ಮಾರಕದ ಗೋಡೆಗಳ ಮೇಲೆ ಒಂದೊಂದು ಕಲ್ಲಿಗೆ ಒಬ್ಬೊಬ್ಬ ಯೋಧನ ಹೆಸರಿದೆ. ಪರಮ ಯೋಧ ಸ್ಥಳ ಅನ್ನುವ ಭಾಗದಲ್ಲಿ ಪರಮವೀರ ಚಕ್ರ ಪಡೆದ 21 ಜನರ ಪುತ್ಥಳಿಗಳಿವೆ. ಅವರಲ್ಲಿ ರಾಮ ರಾಘೋಬ ರಾಣೆ ಅವರನ್ನು ಹುಡುಕಿ. ಹುಟ್ಟಿದ್ದು ಹಾವೇರಿಯಲ್ಲಿ, ಮನೆತನದ ಊರು ಕಾರವಾರದ ಹತ್ತಿರದ ಚೆಂಡಿಯಾ. 1948ರ ಏಪ್ರಿಲ್‌ನಲ್ಲಿ ಜಮ್ಮುವಿನ ನೌಶೇರಾದಿಂದ ರಜೌರಿ ಕಡೆಗೆ ಟ್ಯಾಂಕುಗಳು ಸಾಗಬೇಕಿತ್ತು. ಗಾಯವಾಗಿದ್ದರೂ ಈ ಮನುಷ್ಯ ಗುಂಡಿನ ಮಳೆಯ ನಡುವೆ ನೆಲಬಾಂಬ್ ತೆಗೆದು, ರಸ್ತೆಗೆ ಅಡ್ಡ ಇದ್ದದ್ದನ್ನೆಲ್ಲ ಒಡೆದು ದಾರಿ ಮಾಡಿಕೊಟ್ಟರು. ಅಷ್ಟೆಲ್ಲ ಮಾಡಿ ಜೀವಂತ ಉಳಿದು, ಪದಕವನ್ನು ತಾವೇ ಪಡೆದರು. ನಮ್ಮ ಕರಾವಳಿಯ ಎಷ್ಟು ಮಕ್ಕಳಿಗೆ ಈ ಹೆಸರು ಗೊತ್ತು? ಗೊತ್ತಾಗಬೇಕು.

ನ್ಯಾಷನಲ್ ಮ್ಯೂಸಿಯಂನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ವಸ್ತುಗಳ ಸಂಗ್ರಹವಿದೆ. ಎಲ್ಲವನ್ನೂ ನೋಡುತ್ತೇನೆ ಅಂತ ಹೊರಟರೆ ಕೊನೆಗೆ ಏನೂ ನೆನಪಿರುವುದಿಲ್ಲ. ಯೆಲ್ಲೋ ಲೈನಿನ ಉದ್ಯೋಗ ಭವನ ಸ್ಟೇಷನ್ನಿನಲ್ಲಿ ಇಳಿದು ಸ್ವಲ್ಪ ನಡೆದರೆ ಸಾಕು. ನಾವು ಸೀದಾ ಹರಪ್ಪಾ ಗ್ಯಾಲರಿಗೆ ಹೋದೆವು. ಪುಸ್ತಕದಲ್ಲಿ ನರ್ತಕಿಯ ಚಿತ್ರ ಪುಟದ ತುಂಬ ಇರುತ್ತದೆ ಅಲ್ವಾ, ಹಾಗಾಗಿ ಅಮ್ಮ ಆಳೆತ್ತರದ ಮೂರ್ತಿ ಅಂದುಕೊಂಡಿದ್ದಳು. ನಿಜವಾಗಿ ಅದು 10.5 ಸೆಂಟಿಮೀಟರ್. ಅಂಗೈ ಮೇಲೆ ನಿಲ್ಲುವಷ್ಟು. ಸೊಂಟದ ಮೇಲೆ ಕೈ, ಮೇಲೆತ್ತಿದ ಗಲ್ಲ, ಎಡಗೈ ಪೂರ್ತಿ ಬಳೆ, ಬಲಗೈಯಲ್ಲಿ ನಾಲ್ಕೇ ನಾಲ್ಕು. ಮೇಣದ ಅಚ್ಚು ಮಾಡಿ ಕಂಚು ಸುರಿದ ಎರಕ, ಸುಮಾರು 4500 ವರ್ಷ ಹಿಂದಿನದು. "ಎಷ್ಟು ಧೈರ್ಯದಿಂದ ನಿಂತಿದ್ದಾಳೆ ನೋಡು ಮಾರಾಯ್ತಿ" ಅಂದಳು ಅಮ್ಮ. ಮತ್ತೆ ಅಲ್ಲಿಂದ ಕದಲಲಿಲ್ಲ. ಶಾಲೆಯ ಮಕ್ಕಳ ಎರಡು ಗುಂಪು ಬಂದು ಹೋದರೂ ಅಮ್ಮ ಗಾಜಿನ ಮುಂದೆಯೇ ಇದ್ದಳು.

ಅದೇ ಮ್ಯೂಸಿಯಂನಲ್ಲಿ ಐಹೊಳೆಯಿಂದ ಬಂದ ಹಾರುವ ಗಂಧರ್ವರ ಕಲ್ಲಿದೆ. ಚಾಲುಕ್ಯರ ಕಾಲದ್ದು, 7ನೇ ಶತಮಾನ. ಬಾದಾಮಿ ಕಡೆಯ ಕೆಂಪು ಮರಳುಗಲ್ಲಿನ ಬಣ್ಣ ನೋಡಿದ ಕೂಡಲೇ ಗುರುತು ಸಿಗುತ್ತದೆ. ಕಾಲು ಹಿಂದಕ್ಕೆ ಮಡಚಿ ತೇಲುವ ಆ ಜೋಡಿಯ ಮೈಯಲ್ಲಿ ಭಾರವೇ ಇಲ್ಲ. ಇಷ್ಟು ನೋಡಿ ಹೊರಗೆ ಬಂದುಬಿಟ್ಟೆವು. ಚಿತ್ರಗಳ ಗ್ಯಾಲರಿ, ಮಧ್ಯ ಏಷ್ಯಾದಿಂದ ಬಂದ ಸಂಗ್ರಹ, ಎಲ್ಲವೂ ಇನ್ನೊಮ್ಮೆ. ಈ ಮ್ಯೂಸಿಯಂ ಅನ್ನು ಮುಂದೆ ನಾರ್ತ್ ಬ್ಲಾಕ್ ಮತ್ತು ಸೌತ್ ಬ್ಲಾಕ್ ಕಟ್ಟಡಗಳಿಗೆ ಸಾಗಿಸುವ ಯೋಜನೆಯನ್ನು ಸರ್ಕಾರ ಪ್ರಕಟಿಸಿದೆ. ಹೋಗುವ ಮುನ್ನ ಯಾವ ಗ್ಯಾಲರಿ ತೆರೆದಿದೆ ಅಂತ ಒಮ್ಮೆ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಇನ್ನು ಭೂತಗಳು. ಪುರಾನಾ ಕಿಲಾದ ಎದುರಿಗೆ ಭೈರೋನ್ ಮಾರ್ಗದಲ್ಲಿ ಕ್ರಾಫ್ಟ್ಸ್ ಮ್ಯೂಸಿಯಂ ಇದೆ. ಬ್ಲೂ ಲೈನಿನ ಸುಪ್ರೀಂ ಕೋರ್ಟ್ ಸ್ಟೇಷನ್ನಿನಲ್ಲಿ ಇಳಿಯಬೇಕು, ಮೊದಲು ಅದಕ್ಕೆ ಪ್ರಗತಿ ಮೈದಾನ ಅನ್ನುತ್ತಿದ್ದರು. ಕಟ್ಟಡ ಚಾರ್ಲ್ಸ್ ಕೊರಿಯಾ ಅವರದ್ದು. ಅಂಗಳದಿಂದ ಅಂಗಳಕ್ಕೆ ದಾಟುತ್ತಾ ಹೋಗುವ ಹಾಗೆ ಕಟ್ಟಿದ್ದಾರೆ. ಹಳ್ಳಿಮನೆಯೊಳಗೆ ನಡೆದ ಹಾಗಿರುತ್ತದೆ, ಬಿಸಿಲು ಹತ್ತುವುದಿಲ್ಲ. ಒಳಗೊಂದು ಗ್ಯಾಲರಿಯಲ್ಲಿ ನಮ್ಮ ಕರಾವಳಿಯ ಭೂತಗಳ, ಅಂದರೆ ಅಲ್ಲಿ ಪೂಜೆ ಪಡೆಯುವ ದೈವಗಳ, ದೊಡ್ಡ ಮರದ ಮೂರ್ತಿಗಳಿವೆ. ಉಡುಪಿ ಜಿಲ್ಲೆಯ ಬಾರ್ಕೂರಿನ ಹತ್ತಿರದ ಮೆಕ್ಕೆಕಟ್ಟಿನಿಂದ ಬಂದವು. ಮೆಕ್ಕೆಕಟ್ಟಿನ ನಂದಿಕೇಶ್ವರ ದೇವಸ್ಥಾನದಲ್ಲಿ ಇಂದಿಗೂ ಕೆಂಪು ಬಣ್ಣದ ಸಾಲು ಸಾಲು ಮೂರ್ತಿಗಳನ್ನು ನೋಡಬಹುದು. ಇಲ್ಲಿರುವುದು ಹಳೆಯವು, ಬಣ್ಣ ಮಾಸಿ ಮರದ ಗೆರೆ ಕಾಣುವಂಥವು.

ಅಮ್ಮನ ತವರು ಅದೇ ಕಡೆ. ಗ್ಯಾಲರಿಯ ಬಾಗಿಲಲ್ಲಿ ಯಾರೂ ಹೇಳದಿದ್ದರೂ ಚಪ್ಪಲಿ ಬಿಟ್ಟು ಒಳಗೆ ಹೋದಳು. ಹುಡುಗ ಕೇಳಿದ, "ಅತ್ತೆ, ಇವನ್ನೆಲ್ಲ ಯಾಕೆ ಇಲ್ಲಿಗೆ ತಂದರು?" ನಾನು ಕಮಲಾದೇವಿ ಚಟ್ಟೋಪಾಧ್ಯಾಯ ಅವರ ವಿಷಯ ಹೇಳಿದೆ. 1903ರಲ್ಲಿ ಮಂಗಳೂರಿನಲ್ಲಿ ಹುಟ್ಟಿದವರು, ಸ್ವಾತಂತ್ರ್ಯ ಹೋರಾಟಗಾರ್ತಿ. ಆಮೇಲೆ ಅಖಿಲ ಭಾರತ ಕರಕುಶಲ ಮಂಡಳಿಯ ಅಧ್ಯಕ್ಷೆಯಾಗಿ ದೇಶದ ಮೂಲೆ ಮೂಲೆಯ ಕಸುಬುದಾರರನ್ನು ಹುಡುಕಿ ನಿಲ್ಲಿಸಿದವರು. ಈ ಮ್ಯೂಸಿಯಂ ಹುಟ್ಟಿದ್ದು ಆ ಮಂಡಳಿಯ ಕೆಲಸದಿಂದಲೇ. ಮರ ಹಳತಾದ ಮೇಲೆ ಬಿಸಾಡಿ ಹೋಗಬಹುದಾಗಿದ್ದ ಕೆಲಸ ಉಳಿದುಕೊಂಡಿತು ಅನ್ನುವುದು ನನಗೆ ದೊಡ್ಡ ಸಮಾಧಾನ. ಆದರೆ ಅಮ್ಮನಿಗೆ ಬೇಸರವೂ ಆಯಿತು. "ಇಲ್ಲಿ ಇವಕ್ಕೆ ದೀಪ ಹಚ್ಚುವವರು ಯಾರು?" ಅಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಎರಡೂ ನಿಜವೇ.

ಆ ದಿನ ಎದುರಿನ ಪುರಾನಾ ಕಿಲಾಕ್ಕೆ ಹೋಗುವುದೆಂದು ಬರೆದಿಟ್ಟಿದ್ದೆವು, ಹೋಗಲಿಲ್ಲ. ಅಂಗಳದಲ್ಲಿ ಕೂತು ನೇಕಾರರು ಕೆಲಸ ಮಾಡುವುದನ್ನು ನೋಡಿದೆವು.

ಗುರುವಾರವನ್ನು ಹುಮಾಯೂನ್ ಸಮಾಧಿಗೆ ಇಟ್ಟದ್ದಕ್ಕೆ ಕಾರಣವಿತ್ತು. ಹತ್ತಿರದಲ್ಲೇ ನಿಜಾಮುದ್ದೀನ್ ದರ್ಗಾ ಇದೆ, ಗುರುವಾರ ಸಂಜೆ ಅಲ್ಲಿ ಖವ್ವಾಲಿ ಕೇಳಬಹುದು. ಸಮಾಧಿ ಕಟ್ಟಿದ್ದು 1560ರ ದಶಕದಲ್ಲಿ, ಕಟ್ಟಿಸಿದ್ದು ಹುಮಾಯೂನನ ಹೆಂಡತಿ ಬೇಗಾ ಬೇಗಂ. ತಾಜ್ ಮಹಲಿಗೆ ದಾರಿ ತೋರಿಸಿದ ಕಟ್ಟಡ ಇದು. 2024ರಲ್ಲಿ ಪಕ್ಕದಲ್ಲೇ ನೆಲದಡಿಯಲ್ಲಿ ಹೊಸ ಮ್ಯೂಸಿಯಂ ತೆರೆದಿದ್ದಾರೆ. ಮೊದಲು ಅದನ್ನು ನೋಡಿ ಆಮೇಲೆ ಸಮಾಧಿಗೆ ಹೋದರೆ ಚೆನ್ನ. ಯಾವ ಕಲ್ಲು ಎಲ್ಲಿಯದು, ತೋಟದ ನೀರಿನ ಕಾಲುವೆ ಹೇಗೆ ಹರಿಯುತ್ತದೆ ಅನ್ನುವುದೆಲ್ಲ ಗೊತ್ತಾದ ಮೇಲೆ ಕಣ್ಣು ತಾನಾಗಿ ಹುಡುಕತೊಡಗುತ್ತದೆ. ಸಮಾಧಿಯ ಕಟ್ಟೆಗೆ ಹತ್ತುವ ಮೆಟ್ಟಿಲು ತೀರಾ ಕಡಿದು, ಅಮ್ಮ ಕೆಳಗೆ ತೋಟದಲ್ಲೇ ಕೂತಳು.

ರೈಲ್ ಮ್ಯೂಸಿಯಂ ಚಾಣಕ್ಯಪುರಿಯಲ್ಲಿದೆ. 1977ರಲ್ಲಿ ಶುರುವಾದದ್ದು. ಮಕ್ಕಳಿದ್ದರೆ ಅರ್ಧ ದಿನವಾದರೂ ಬೇಕು. 1899ರ ಮೈಸೂರು ಮಹಾರಾಜರ ಸಲೂನ್, ಅಂದರೆ ಅವರ ಖಾಸಗಿ ರೈಲು ಬೋಗಿ, ಇಲ್ಲಿದೆ. ತೇಗದ ಮರ, ಚಿನ್ನ ಮತ್ತು ದಂತದ ಕುಸುರಿ. ಕಿಟಕಿಗೆ ಮುಖ ಒತ್ತಿ ನೋಡಬೇಕು. ಹುಡುಗನ ಕಣ್ಣು ಅರಳಿದ್ದು ಇನ್ನೊಂದು ವಿಷಯಕ್ಕೆ. ಮಹಾರಾಣಿಯವರ ಸಲೂನ್ ಮೈಸೂರಿನ ರೈಲ್ ಮ್ಯೂಸಿಯಂನಲ್ಲಿದೆ, ಅಡುಗೆಮನೆಯ ಸಮೇತ. ರಾಜರ ಬೋಗಿ ಇಲ್ಲಿ, ರಾಣಿಯವರದ್ದು ಅಲ್ಲಿ. ಮುಂದಿನ ರಜೆಗೆ ಮೈಸೂರು ಅಂತ ಅವನೇ ನಿಶ್ಚಯ ಮಾಡಿಬಿಟ್ಟ.

ಕೆಂಪು ಕೋಟೆಗೆ ವಾಯ್ಲೆಟ್ ಲೈನಿನ ಲಾಲ್ ಕಿಲಾ ಸ್ಟೇಷನ್ ಇದೆ. ಕೋಟೆಯೊಳಗೆ ಬ್ರಿಟಿಷರು ಕಟ್ಟಿದ ಬ್ಯಾರಕ್‌ಗಳಲ್ಲಿ 2019ರಿಂದ ಮ್ಯೂಸಿಯಂಗಳಿವೆ. ಸಮಯ ಕಡಿಮೆಯಿದ್ದರೆ ನೇತಾಜಿ ಮತ್ತು ಆಜಾದ್ ಹಿಂದ್ ಫೌಜ್‌ನದ್ದನ್ನು ಬಿಡಬೇಡಿ. 1945ರಲ್ಲಿ ಆ ಸೈನ್ಯದ ಅಧಿಕಾರಿಗಳ ವಿಚಾರಣೆ ನಡೆದದ್ದೇ ಈ ಕೋಟೆಯಲ್ಲಿ.

ಹೋಗುವ ಕಾಲದ ಬಗ್ಗೆಯೂ ಒಂದು ಮಾತು. ಆಗಸ್ಟ್ 15ಕ್ಕೆ ಮುಂಚೆ ಕೆಂಪು ಕೋಟೆಯನ್ನು ಹಲವು ದಿನ ಮುಚ್ಚುತ್ತಾರೆ. ಜನವರಿಯ ಕೊನೆಯಲ್ಲಿ ಪರೇಡ್ ತಾಲೀಮಿಗೆ ಕರ್ತವ್ಯ ಪಥದ ಸುತ್ತ ರಸ್ತೆ ಬಂದ್ ಆಗುತ್ತವೆ. ನವೆಂಬರಿನಲ್ಲಿ ಹೊಗೆ, ಡಿಸೆಂಬರ್ ಜನವರಿಯಲ್ಲಿ ಮಂಜು. ಫೆಬ್ರವರಿ ಎರಡನೇ ವಾರದಿಂದ ಮಾರ್ಚ್ ಮಧ್ಯದವರೆಗೆ ಹೋಗಿ. ಸಾಮಾನ್ಯವಾಗಿ ಆಗಲೇ ರಾಷ್ಟ್ರಪತಿ ಭವನದ ಅಮೃತ ಉದ್ಯಾನವೂ ತೆರೆದಿರುತ್ತದೆ. ಆನ್‌ಲೈನಿನಲ್ಲಿ ಮೊದಲೇ ಬುಕ್ ಮಾಡಿಕೊಂಡರೆ ಸರದಿಯಲ್ಲಿ ಕಾಯುವುದು ತಪ್ಪುತ್ತದೆ, ಅದೂ ಸೋಮವಾರ ಬಿಟ್ಟು.