ಕಡಲಿಗೆ ಉಬ್ಬರ, ನಮ್ಮ ಹೊಳೆಗೆ ಗೇಟು

ಕಾರವಾರದಲ್ಲೋ ಮಲ್ಪೆಯಲ್ಲೋ ಕಡಲದಂಡೆಯ ಕಸ, ಹಕ್ಕಿ, ಆಮೆ ಎಣಿಸಲು ಹೋಗುವವರ ನಮೂನೆಯಲ್ಲಿ ಉಬ್ಬರ ಎಷ್ಟು ಹೊತ್ತಿಗೆ, ಇಳಿತ ಎಷ್ಟು ಹೊತ್ತಿಗೆ ಎಂದು ಬರೆಯಲು ಒಂದು ಸಾಲು ಇರುತ್ತದೆ. ಅದೇ ನಮೂನೆಯನ್ನು ಜೆರಾಕ್ಸ್ ಮಾಡಿಸಿಕೊಂಡು ಆನೆಗೊಂದಿ, ಸಾಣಾಪುರ, ಕಂಪ್ಲಿ ಕಡೆ ದಂಡೆಗೆ ಇಳಿದವರು ಆ ಸಾಲಿಗೆ ಅಡ್ಡಗೆರೆ ಎಳೆದು ಮುಂದೆ ಹೋಗುತ್ತಾರೆ, ಹೊಳೆಗೆಲ್ಲಿಯ ಉಬ್ಬರ ಅಂತ. ಇಡೀ ವರ್ಷದ ಲೆಕ್ಕ ಕೆಡುವುದು ಆ ಅಡ್ಡಗೆರೆಯಿಂದಲೇ. ತುಂಗಭದ್ರೆಯ ದಂಡೆಗೂ ಏರಿಳಿತ ಇದೆ. ಕಡಲಲ್ಲಿ ಚಂದ್ರ ಮಾಡುವ ಕೆಲಸವನ್ನು ಇಲ್ಲಿ ಅಣೆಕಟ್ಟೆಯ 33 ಗೇಟುಗಳು ಮಾಡುತ್ತವೆ. ಅವಕ್ಕೆ ಪಂಚಾಂಗ ಇಲ್ಲ, ಅಷ್ಟೇ ವ್ಯತ್ಯಾಸ.

2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋದದ್ದು ಎಲ್ಲರಿಗೂ ನೆನಪಿದೆ. ಭಾರ ಇಳಿಸಲು ಉಳಿದ ಗೇಟುಗಳನ್ನೂ ಎತ್ತಿ ಹೊಳೆಗೆ ನೀರು ಬಿಡಬೇಕಾಯಿತು. ಅಂಥ ವಾರ ಕಳೆದ ಮೇಲೆ ದಂಡೆ ತೊಳೆದಿಟ್ಟ ಹಾಗೆ ಕಾಣುತ್ತದೆ. ಆದರೆ ಕಸ ಮಾಯವಾಗಿರುವುದಿಲ್ಲ. ಒಂದಿಷ್ಟು ಗಿಡದ ಮೇಲೆ ಹತ್ತಿ ಕೂತಿರುತ್ತದೆ, ಮಿಕ್ಕದ್ದು ಕೆಳಗೆ ಸಿರುಗುಪ್ಪ, ಸಿಂಧನೂರು, ಮಾನ್ವಿ ಕಡೆ ಸಾಗಿರುತ್ತದೆ. ಮೇಲಿನವರು ‘ಈ ಸಲ ಕಸ ಕಮ್ಮಿ’ ಎಂದೂ ಕೆಳಗಿನವರು ‘ಈ ಸಲ ಜಾಸ್ತಿ’ ಎಂದೂ ಬರೆದರೆ ಇಬ್ಬರೂ ಎಣಿಸಿದ್ದು ನೀರನ್ನೇ ಹೊರತು ಕಸವನ್ನಲ್ಲ.

ಹಾಗಾಗಿ ದಂಡೆಗೆ ಕಾಲಿಡುವ ಮೊದಲು ಮೂರು ಅಂಕಿ ಬರೆದುಕೊಳ್ಳಿ: ಜಲಾಶಯದ ಮಟ್ಟ (ತುಂಬಿದಾಗ 1,633 ಅಡಿ), ಆ ದಿನ ಹೊಳೆಗೆ ಬಿಟ್ಟ ನೀರು ಎಷ್ಟು ಕ್ಯೂಸೆಕ್, ಕೊನೆಯ ಸಲ ನೀರು ಏರಿ ಇಳಿದು ಎಷ್ಟು ದಿನವಾಯಿತು. ಎರಡನೆಯದರಲ್ಲಿ ಹೊಸಬರೆಲ್ಲ ಎಡವುತ್ತಾರೆ. ಪತ್ರಿಕೆಯಲ್ಲಿ ಬರುವ ‘ಹೊರಹರಿವು’ ಎಂಬ ಒಂದೇ ಅಂಕಿಯಲ್ಲಿ ಎಡದಂಡೆ ನಾಲೆ, ಬಲದಂಡೆಯ ಮೇಲ್ಮಟ್ಟದ ಹಾಗೂ ಕೆಳಮಟ್ಟದ ನಾಲೆಗಳ ನೀರೂ ಸೇರಿರುತ್ತದೆ. ಗೇಟು ಪೂರ್ತಿ ಮುಚ್ಚಿದ್ದರೂ ಸಾವಿರಾರು ಕ್ಯೂಸೆಕ್ ಹೊರಹರಿವು ಕಾಣುವುದು ಅದಕ್ಕೇ. ಅದು ಗದ್ದೆಗೆ ಹೋಗುವ ನೀರು, ಹೊಳೆಯದ್ದಲ್ಲ. ಹೊಳೆಯ ಪಾಲನ್ನು ಬೇರೆಯಾಗಿಯೇ ಕೇಳಿ ತಿಳಿದುಕೊಳ್ಳಬೇಕು. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28.3 ಲೀಟರ್. ಅಂಕಿ ಸಿಗದ ದಿನ ಸೇತುವೆಯ ಒಂದು ಕಂಬವನ್ನು ಗೊತ್ತು ಮಾಡಿಕೊಂಡು, ಪ್ರತಿ ಸಲ ಅದೇ ಜಾಗದಲ್ಲಿ ನಿಂತು ಅದೇ ಕಂಬದ ಫೋಟೊ ತೆಗೆಯಿರಿ. ಕಂಬದ ಮೇಲಿನ ನೀರಿನ ಗೆರೆ ಸುಳ್ಳು ಹೇಳುವುದಿಲ್ಲ.

ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿ.ಮೀ. ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶ ಎಂದು ಘೋಷಿಸಲಾಯಿತು. ನೀರುನಾಯಿಗೆಂದೇ ಮೀಸಲಾದದ್ದು ದೇಶದಲ್ಲಿ ಇದೇ ಮೊದಲು. ಅಲ್ಲಿ ಕೆಲಸ ಮಾಡುವುದಾದರೆ ವಲಯ ಅರಣ್ಯಾಧಿಕಾರಿಗೆ ಮೊದಲೇ ಪತ್ರ ಕೊಟ್ಟು, ದಿನಾಂಕ, ಜಾಗ, ಜನರ ಹೆಸರು ತಿಳಿಸಿ ಒಪ್ಪಿಗೆ ಪಡೆಯಬೇಕು. ದುರ್ಬೀನು ಹಿಡಿದು ಬಂಡೆಗಳ ನಡುವೆ ಸುತ್ತುವವರನ್ನು ಊರಿನವರೂ ಅನುಮಾನದಿಂದಲೇ ನೋಡುತ್ತಾರೆ. ಅದು ಒಳ್ಳೆಯದೇ.

34 ಕಿ.ಮೀ. ಪೂರ್ತಿ ಎಣಿಸುವ ಆಸೆ ಬೇಡ. ಕಸಕ್ಕೆ 100 ಮೀಟರಿನ ತುಂಡು, ನೀರುನಾಯಿಯ ಹೆಜ್ಜೆ ಮತ್ತು ಹಿಕ್ಕೆಗೆ ಒಂದು ಕಿಲೋಮೀಟರಿನ ತುಂಡು ಸಾಕು. ಇಲ್ಲಿ ದಂಡೆ ಮೂರು ಬಗೆ: ಆನೆಗೊಂದಿ, ಸಾಣಾಪುರದ ಬಂಡೆ, ಕೆಳಗೆ ಹೋದಂತೆ ಸಿಗುವ ಮರಳು, ಗದ್ದೆ ಹೊಳೆಗೇ ಬಂದು ತಾಗಿದ ಕಡೆ ಕೆಸರು. ಒಂದೊಂದು ಬಗೆಗೆ ಕನಿಷ್ಠ ಎರಡು ತುಂಡು ಇರಲಿ. ಕಸ ರಾಶಿ ಬಿದ್ದ ಕಡೆಯನ್ನೇ ಆರಿಸಿಕೊಂಡರೆ ಫೋಟೊ ಚೆನ್ನಾಗಿ ಬರುತ್ತದೆ, ಲೆಕ್ಕ ಬರುವುದಿಲ್ಲ. ತುಂಡಿನ ಎರಡೂ ತುದಿಯನ್ನು ಫೋನಿನ ಜಿಪಿಎಸ್‌ನಲ್ಲಿ ಗುರುತಿಸಿ, ಜೊತೆಗೆ ಕಣ್ಣಿಗೆ ಕಾಣುವ ಗುರುತನ್ನೂ ಬರೆಯಿರಿ: ‘ಪಂಪ್‌ಸೆಟ್ ಪೈಪಿನಿಂದ ಎರಡನೇ ಹೊಂಗೆ ಮರ’ ಎಂಬ ಹಾಗೆ. ದೊಡ್ಡ ಬಂಡೆಗಳ ಸಂದಿಯಲ್ಲಿ ಜಿಪಿಎಸ್ ಹತ್ತು ಮೀಟರ್ ಅತ್ತಿತ್ತ ಆಗುವುದು ಮಾಮೂಲು. ಬಂಡೆಗೆ ಪೇಂಟು ಬಳಿಯಬೇಡಿ. ಆನೆಗೊಂದಿಯ ಬಂಡೆಗಳ ಮೇಲೆ ನಮಗಿಂತ ಹಳಬರು ಬರೆದಿಟ್ಟದ್ದು ಇದೆ.

ಅಗಲದ ವಿಷಯಕ್ಕೆ ಬಂದರೆ, ಕಡಲಿನ ನಮೂನೆ ಇಲ್ಲಿ ಮತ್ತೊಮ್ಮೆ ಕೈಕೊಡುತ್ತದೆ. ಅಲ್ಲಿ ನೀರಂಚಿನಿಂದ ಗಿಡ ಶುರುವಾಗುವ ತನಕ ಎಣಿಸಿದರೆ ಆಯಿತು. ಇಲ್ಲಿ ಅಕ್ಟೋಬರಿನಲ್ಲಿ ಎಂಟು ಮೀಟರ್ ಇದ್ದ ದಂಡೆ ಏಪ್ರಿಲ್‌ನಲ್ಲಿ ಅರವತ್ತು ಮೀಟರ್ ಆಗಿ ಕೂತಿರಬಹುದು. ಆದ್ದರಿಂದ 0, 50, 100 ಮೀಟರಿನ ಮೂರು ಕಡೆ ಟೇಪು ಹಿಡಿದು ನೀರಂಚಿನಿಂದ ಹಳೆಯ ನೆರೆಯ ಗೆರೆಯವರೆಗಿನ ಅಗಲ ಅಳೆಯಿರಿ. ಮೂರರ ಸರಾಸರಿಯನ್ನು 100ರಿಂದ ಗುಣಿಸಿದರೆ ಚದರ ಮೀಟರು ಬಂತು. ಎಣಿಕೆಯನ್ನು ಅದರಿಂದ ಭಾಗಿಸಿದರೆ ಮಾತ್ರ ಎರಡು ತಿಂಗಳ ಅಂಕಿಗಳನ್ನು ಪಕ್ಕಪಕ್ಕ ಇಡಬಹುದು. ಗಿಡದ ಮೇಲೆ ಜೋತುಬಿದ್ದದ್ದಕ್ಕೆ ಬೇರೆ ಕಲಮು. ನೆರೆ ಇಳಿದ ಮೇಲೆ ಬಳ್ಳಾರಿ ಜಾಲಿಯ ಮುಳ್ಳಿಗೆ ಸಿಕ್ಕ ಕ್ಯಾರಿಬ್ಯಾಗು ಬಾವಲಿಯ ಹಾಗೆ ತಲೆಕೆಳಗಾಗಿ ನೇತಾಡುತ್ತಿರುತ್ತದೆ. ಅತಿ ಮೇಲಿನ ಚೀಲ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ಅಳೆದರೆ ಆ ವರ್ಷದ ನೆರೆಯ ಎತ್ತರ ಪುಕ್ಕಟೆಯಾಗಿ ಸಿಕ್ಕಿತು. ಎರಡು ಸಾಲು ಚೀಲ ಕಂಡರೆ ನೀರು ಎರಡು ಸಲ ಬಂದಿತ್ತು ಎಂದುಕೊಳ್ಳಬಹುದು.

ಎಣಿಸುವುದು 2.5 ಸೆಂ.ಮೀ. ಮತ್ತು ಅದಕ್ಕಿಂತ ದೊಡ್ಡದನ್ನು, ಅಂದರೆ ಸುಮಾರು ನೀರಿನ ಬಾಟಲಿಯ ಮುಚ್ಚಳದಷ್ಟು. ಗುಟ್ಕಾ ಚೀಟು ಎಣಿಕೆಗೆ ಬರುತ್ತದೆ, ಹಲ್ಲಲ್ಲಿ ಹರಿದು ಉಗುಳಿದ ಅದರ ಮೂಲೆ ಬರುವುದಿಲ್ಲ. ಹರಿದ ಚೀಲಕ್ಕೆ ಒಂದೇ ನಿಯಮ ಇಟ್ಟುಕೊಳ್ಳಿ: ಅರ್ಧಕ್ಕಿಂತ ಹೆಚ್ಚು ಉಳಿದಿದ್ದರೆ ಚೀಲ, ಇಲ್ಲದಿದ್ದರೆ ಚೂರು. ನಿಯಮ ಯಾವುದಾದರೂ ಸರಿ, ನಡುವೆ ಬದಲಾಯಿಸಬಾರದು. ಒಬ್ಬರು ಎಣಿಸಬೇಕು, ಒಬ್ಬರು ಬರೆಯಬೇಕು. ಇಬ್ಬರೂ ಎಣಿಸುತ್ತಾ ಹೋದರೆ ಒಂದೇ ಬಾಟಲಿ ಎರಡು ಸಲ ಬರೆಯಲ್ಪಡುತ್ತದೆ. ಸ್ನಾನಘಟ್ಟಗಳ ಹತ್ತಿರ ಬಿಟ್ಟುಹೋದ ಬಟ್ಟೆ, ದೇವರ ಫೋಟೊದ ಚೌಕಟ್ಟು, ತೆಂಗಿನಕಾಯಿ ಕಟ್ಟಿದ ಪ್ಲಾಸ್ಟಿಕ್ ಇವಕ್ಕೆ ಕಡಲಿನ ನಮೂನೆಯಲ್ಲಿ ಜಾಗ ಇರುವುದಿಲ್ಲ, ನೀವೇ ಸೇರಿಸಿಕೊಳ್ಳಿ. ಒದ್ದೆ ಸೀರೆಯನ್ನು ಹಾಗೇ ತೂಗಿದರೆ ತೂಗುವುದು ಹೊಳೆಯ ನೀರನ್ನು. ಹಿಂಡಿ, ಬಂಡೆಯ ಮೇಲೆ ಹರವಿ, ಒಣಗಿದ ಮೇಲೆ ಕೊಕ್ಕೆ ತಕ್ಕಡಿಗೆ ಹಾಕಿ. ಅಷ್ಟು ಹೊತ್ತು ಇಲ್ಲದಿದ್ದರೆ ತೂಕ ಬಿಟ್ಟು ಎಣಿಕೆ ಮಾತ್ರ ಬರೆಯಿರಿ.

ಗಂಗಾವತಿ, ಕಾರಟಗಿ, ಸಿರುಗುಪ್ಪ ಸೀಮೆಯ ದಂಡೆಗೇ ವಿಶೇಷವಾದದ್ದು ಭತ್ತಕ್ಕೆ ಹೊಡೆದ ಔಷಧದ ಖಾಲಿ ಡಬ್ಬಿಗಳು. ಇವನ್ನು ‘ಪ್ಲಾಸ್ಟಿಕ್ ಬಾಟಲಿ’ ಕಲಮಿಗೆ ಸೇರಿಸುವುದು ದೊಡ್ಡ ತಪ್ಪು. ಲೇಬಲ್ಲಿನ ಮೂಲೆಯಲ್ಲಿ ವಜ್ರಾಕಾರದ ಒಂದು ಗುರುತು ಇದ್ದು, ಅದರ ಕೆಳಗಿನ ಅರ್ಧಕ್ಕೆ ಬಣ್ಣ ಇರುತ್ತದೆ: ಕೆಂಪು ಅತ್ಯಂತ ವಿಷ, ಹಳದಿ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ, ನೀಲಿ ಮಧ್ಯಮ, ಹಸಿರು ಕಡಿಮೆ. ಬಣ್ಣ, ಔಷಧದ ಹೆಸರು, ಮುಚ್ಚಳ ಇತ್ತೋ ಇಲ್ಲವೋ, ಒಳಗೆ ದ್ರವ ಉಳಿದಿತ್ತೋ ಎಂಬ ನಾಲ್ಕನ್ನು ಬರೆಯಿರಿ. ದಪ್ಪ ರಬ್ಬರ್ ಗ್ಲೌಸ್ ಹಾಕಿಕೊಂಡೇ ಮುಟ್ಟಬೇಕು, ಮೂಸಿ ನೋಡಬಾರದು, ಹೊಳೆಯಲ್ಲಿ ತೊಳೆಯಬಾರದು, ಬೇರೆ ಕಸದ ಜೊತೆ ಸುಡಬಾರದು. ಮಕ್ಕಳ ತಂಡ ಬಂದಿದ್ದರೆ ಈ ಕೆಲಸ ದೊಡ್ಡವರದ್ದು.

ಬಲೆಗಳ ಬಗ್ಗೆ ನಿಧಾನವಾಗಿ ಹೇಳಬೇಕು. ದಂಡೆಯಲ್ಲಿ ಸಿಕ್ಕ ನೈಲಾನ್ ಬಲೆಯೆಲ್ಲ ಬಿಸಾಡಿದ್ದಲ್ಲ. ತುದಿಯನ್ನು ಕಲ್ಲಿಗೋ ಗೂಟಕ್ಕೋ ಬಿಗಿದಿದ್ದರೆ, ಬೆಂಡು ಸಾಲಾಗಿ ತೇಲುತ್ತಿದ್ದರೆ, ನೂಲು ಸ್ವಚ್ಛ ಇದ್ದರೆ ಅದು ಯಾರೋ ರಾತ್ರಿ ಹಾಕಿಹೋದ ಬಲೆ. ಬೆಳಿಗ್ಗೆ ಹರಿಗೋಲಿನಲ್ಲಿ ಬಂದು ಎತ್ತುತ್ತಾರೆ. ಅದನ್ನು ಕತ್ತರಿಸಿದರೆ ಒಂದು ಮನೆಯ ಅನ್ನ ಕತ್ತರಿಸಿದ ಹಾಗೆ, ಮತ್ತು ಆ ಊರಿನಲ್ಲಿ ನಿಮಗೆ ಇನ್ನು ಯಾರೂ ಏನನ್ನೂ ಹೇಳುವುದಿಲ್ಲ. ಪಾಚಿ ಹಿಡಿದು, ಗಂಟುಗಂಟಾಗಿ, ಬಂಡೆಯ ಸಂದಿಗೆ ಸೇರಿಕೊಂಡದ್ದು ಮಾತ್ರ ಅನಾಥ ಬಲೆ. ನೀರುನಾಯಿ, ಆಮೆ ಎರಡೂ ಉಸಿರಿಗೆ ಮೇಲೆ ಬರಬೇಕಾದ ಜೀವಗಳು, ಸಿಕ್ಕಿಕೊಂಡರೆ ಮುಳುಗಿಯೇ ಸಾಯುವುದು. ಬಲೆ ತೆಗೆಯುವ ಮುನ್ನ ಕಣ್ಣಿನ ಅಳತೆ ಬರೆಯಿರಿ: ಒಂದು ಕಣ್ಣನ್ನು ಎಳೆದು ಹಿಡಿದು ಎದುರು ಬದುರಿನ ಗಂಟುಗಳ ನಡುವೆ ಎಷ್ಟು ಮಿ.ಮೀ. ಎಂದು ಐದು ಕಡೆ ಅಳೆದು ಸರಾಸರಿ ತೆಗೆಯುವುದು. ನೀರಿನೊಳಗೆ ಹೋಗಿರುವ ಬಲೆಯನ್ನು ದಂಡೆಯಿಂದ ಜಗ್ಗಬೇಡಿ. ಕಾಲಿಗೆ ಸುತ್ತಿಕೊಂಡರೆ ಈಜು ಬರುವವರೂ ಏಳುವುದಿಲ್ಲ. ಅದು ಬೆಸ್ತರ ಕೈಗೆ ಬಿಡಬೇಕಾದ ಕೆಲಸ.

ನೀರುನಾಯಿಯನ್ನು ಎಣಿಸುವುದು ಬೇರೆ, ಅದರ ಹಿಕ್ಕೆ ಎಣಿಸುವುದು ಬೇರೆ. ಇವು ಗುಂಪಾಗಿ ಬದುಕುತ್ತವೆ, ಒಂದೇ ಬಂಡೆಯ ಮೇಲೆ ಎಲ್ಲವೂ ಸೇರಿ ಹಿಕ್ಕೆ ಹಾಕುತ್ತವೆ. ಹತ್ತು ಹಿಕ್ಕೆ ಕಂಡರೆ ಹತ್ತು ನೀರುನಾಯಿ ಎಂದು ಬರೆಯುವಂತಿಲ್ಲ. ‘ಇಲ್ಲಿ ಬಳಕೆ ಇದೆ’ ಎಂದಷ್ಟೇ. ಹೊಸದು ಕಪ್ಪಗೆ, ಲೋಳೆಯಾಗಿ, ಮೀನಿನ ವಾಸನೆ ಹೊಡೆಯುತ್ತದೆ. ಹಳೆಯದು ಬೂದು ಬಣ್ಣಕ್ಕೆ ತಿರುಗಿ ಮುಟ್ಟಿದರೆ ಉದುರುತ್ತದೆ, ಒಳಗೆ ಹೊಳೆಯುವ ಮೀನಿನ ಹುರುಪೆ, ಮುಳ್ಳು, ಏಡಿಯ ಚಿಪ್ಪಿನ ಚೂರು. ಪಕ್ಕದಲ್ಲಿ 10 ರೂಪಾಯಿ ನಾಣ್ಯ ಇಟ್ಟು ಫೋಟೊ ತೆಗೆದರೆ ಅಳತೆ ಸಿಕ್ಕಿತು, ಅದರ ಅಡ್ಡಳತೆ 27 ಮಿ.ಮೀ. ಮರಳಿನ ಮೇಲೆ ಹೆಜ್ಜೆ ಸಿಕ್ಕರೆ ಬೆರಳು ಎಣಿಸಿ: ನೀರುನಾಯಿಗೆ ಐದು, ಬೀದಿನಾಯಿಗೆ ಮತ್ತು ನರಿಗೆ ನಾಲ್ಕು. ಹಿಕ್ಕೆಯನ್ನು ಎತ್ತಿಕೊಂಡು ಹೋಗಬೇಡಿ. ಅದು ಒಂದು ಗುಂಪು ಇನ್ನೊಂದಕ್ಕೆ ಬಿಟ್ಟ ಓಲೆ. ಜೊತೆಗೆ ಇದು ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯ ಪ್ರಾಣಿ. ಗೇಟಿನಿಂದ ನೀರು ಏರಿದ ವಾರ ಬಂಡೆ ತೊಳೆದುಹೋಗಿರುತ್ತದೆ. ಆಗ ‘ಹಿಕ್ಕೆ 0’ ಎಂದು ಬರೆದರೆ ನೀರುನಾಯಿ ಓಡಿಹೋದವು ಎಂದು ಓದಿಕೊಳ್ಳುವವರೂ ಇದ್ದಾರೆ. ಮೊದಲು ಹೇಳಿದ ಮೂರನೆಯ ಅಂಕಿ, ನೀರು ಇಳಿದು ಎಷ್ಟು ದಿನ ಎಂಬುದು, ಇಲ್ಲಿ ಕೆಲಸಕ್ಕೆ ಬರುತ್ತದೆ. ಬಿಲದ ಜಾಗವನ್ನು ರೀಲ್ಸ್‌ಗೆ ಹಾಕಬೇಡಿ ಎಂದು ಹೇಳುವ ಅಗತ್ಯ ಇರಬಾರದು, ಇದೆ.

ಬೇಸಿಗೆಯಲ್ಲಿ ಮರಳದಿಬ್ಬ, ನಡುಗಡ್ಡೆಗಳು ಬಯಲಾದಾಗ ನದಿ ರೀವ, ಸಣ್ಣ ಚಿಟವ, ಟಿಟ್ಟಿಭಗಳು ನೆಲದ ಮೇಲೆಯೇ ಮೊಟ್ಟೆ ಇಡುತ್ತವೆ. ಮಾರ್ಚ್‌ನಿಂದ ಮೇ ತನಕ ದಿಬ್ಬದ ಮೇಲೆ ಕಾಲಿಡದೆ, ದೂರದಿಂದ 8x42 ದುರ್ಬೀನಿನಲ್ಲಿ ಕೂತ ಹಕ್ಕಿಗಳನ್ನಷ್ಟೇ ಎಣಿಸಬೇಕು. ನಮ್ಮ ಸೀಮೆಯ ಬಿಸಿಲಿನಲ್ಲಿ ತಾಯಿ ಎದ್ದುಹೋದ ಮೊಟ್ಟೆ ಹೆಚ್ಚು ಹೊತ್ತು ಉಳಿಯುವುದಿಲ್ಲ, ಅದಕ್ಕೆಂದೇ ಬೆಳಿಗ್ಗೆ ಎಂಟರೊಳಗೆ ಮುಗಿಸುವುದು ವಾಸಿ. ಏಪ್ರಿಲ್‌ನಲ್ಲಿ ಹೊಳೆಗೆ ಒಮ್ಮೆಲೆ ನೀರು ಬಿಟ್ಟರೆ ಇಡೀ ದಿಬ್ಬದ ಗೂಡು ಮುಳುಗುತ್ತವೆ. ಮುಳುಗಿದ ದಿನವನ್ನೂ ಕ್ಯೂಸೆಕ್ಕನ್ನೂ ಒಟ್ಟಿಗೆ ಬರೆದಿಟ್ಟ ಕಾಗದ ಇದ್ದರೆ, ಮುಂದಿನ ವರ್ಷ ನಿಧಾನವಾಗಿ ಬಿಡಿ ಎಂದು ಕೇಳಲು ಒಂದು ಆಧಾರ ಆಗುತ್ತದೆ.

ಮೊಸಳೆಗಳಿಗೂ ಫೆಬ್ರವರಿಯಿಂದ ಏಪ್ರಿಲ್ ಮೊಟ್ಟೆಯ ಕಾಲ, ದಂಡೆಯಲ್ಲೇ ಗುಂಡಿ ತೋಡುತ್ತವೆ. ಮರಳಿನಲ್ಲಿ ಹೊಟ್ಟೆ ಎಳೆದ ಅಗಲ ಗೆರೆ, ಎರಡೂ ಪಕ್ಕ ಪಂಜ ಕಂಡರೆ ಬಂದ ದಾರಿಯಲ್ಲೇ ವಾಪಸ್ ಬನ್ನಿ, ಎಣಿಕೆ ಅಲ್ಲಿಗೆ ನಿಲ್ಲಲಿ. ಬೂಟು ತೊಳೆಯಲು ನೀರಂಚಿನಲ್ಲಿ ಕುಕ್ಕರಗಾಲಲ್ಲಿ ಕೂರುವ ಅಭ್ಯಾಸ ಬಿಡಬೇಕು.

ಸತ್ತ ಮೀನು ತೇಲಿಬಂದರೆ ಎಣಿಸುವ ಮುಂಚೆ ನೋಡಬೇಕಾದದ್ದು ಜಾತಿ ಮತ್ತು ಗಾತ್ರ. ಸಣ್ಣ ಜಾಗದಲ್ಲಿ ದೊಡ್ಡದು ಸಣ್ಣದು ಎಲ್ಲವೂ ಒಟ್ಟಿಗೆ ಸತ್ತು, ಒಳಗಿನ ಗಾಳಿಚೀಲ ಒಡೆದು, ಬೆನ್ನೆಲುಬು ಮುರಿದಿದ್ದರೆ ಸಿಡಿಮದ್ದಿನ ಅನುಮಾನ. ನಸುಕಿನಲ್ಲಿ ಮೀನು ಮೇಲೆ ಬಂದು ಬಾಯಿ ತೆರೆದು ಒದ್ದಾಡುತ್ತಿದ್ದರೆ ನೀರಲ್ಲಿ ಆಮ್ಲಜನಕ ಕಮ್ಮಿಯಾಗಿದೆ. ನಿಂತ ಮಡುಗಳಲ್ಲಿ, ಪಾಚಿ ಹೆಚ್ಚಾದಾಗ ಹೀಗೆ. ಯಾವುದೇ ಆಗಲಿ, ಫೋಟೊ ತೆಗೆದು ಅರಣ್ಯ ಇಲಾಖೆಯ 1926ಕ್ಕೆ ಹೇಳಿ. ಮೀನನ್ನು ಮನೆಗೆ ಒಯ್ಯಬೇಡಿ.

ಜಲಾಶಯದ ಹಿನ್ನೀರು ಕೆಲವು ವರ್ಷ ಹಸಿರು ಬಣ್ಣಕ್ಕೆ ತಿರುಗುವುದನ್ನು ಕಂಡಿದ್ದೀರಿ. ಅದು ನೀಲಿಹಸಿರು ಪಾಚಿಯೋ ಸಾದಾ ಪಾಚಿಯೋ ತಿಳಿಯಲು ಗ್ಲೌಸ್ ಹಾಕಿ ಗಾಜಿನ ಬಾಟಲಿಗೆ ಮುಕ್ಕಾಲು ನೀರು ತುಂಬಿ, ಊಟದ ಪದಾರ್ಥ ಇಲ್ಲದ ಫ್ರಿಜ್‌ನಲ್ಲಿ ಒಂದು ರಾತ್ರಿ ಅಲುಗಾಡಿಸದೆ ಇಡಿ. ಬೆಳಿಗ್ಗೆ ಹಸಿರು ಮೇಲೆ ಉಂಗುರದಂತೆ ಕಟ್ಟಿದ್ದರೆ ನೀಲಿಹಸಿರು ಪಾಚಿ ಇರುವ ಸಾಧ್ಯತೆ ಹೆಚ್ಚು, ತಳಕ್ಕೆ ಕೂತಿದ್ದರೆ ಬೇರೆಯದು. ವಿಷ ಇದೆಯೋ ಇಲ್ಲವೋ ಎಂಬುದನ್ನು ಈ ಪರೀಕ್ಷೆ ಹೇಳುವುದಿಲ್ಲ, ಅದಕ್ಕೆ ಪ್ರಯೋಗಾಲಯವೇ ಬೇಕು. ಅಲ್ಲಿಯವರೆಗೆ ದನಕರುಗಳಿಗೆ ಆ ನೀರು ಕುಡಿಸಬೇಡಿ ಎಂದು ಕಾಯುವವರಿಗೆ ಹೇಳುವುದು ಕ್ಷೇಮ. ನೀರಿನ ತಿಳಿ ಅಳೆಯಲು 20 ಸೆಂ.ಮೀ. ಅಗಲದ ತಟ್ಟೆಗೆ ನಾಲ್ಕು ಭಾಗ ಮಾಡಿ ಒಂದು ಬಿಟ್ಟು ಒಂದು ಕಪ್ಪು ಬಿಳಿ ಬಳಿದು, ಕೆಳಗೆ ಭಾರ ಕಟ್ಟಿ, ಹಿಗ್ಗದ ಹಗ್ಗದಲ್ಲಿ ನೆರಳಿನ ಕಡೆಯಿಂದ ಇಳಿಬಿಡಬೇಕು. ಕಾಣೆಯಾದ ಆಳ, ಮೇಲೆತ್ತುವಾಗ ಮತ್ತೆ ಕಂಡ ಆಳ, ಎರಡರ ಸರಾಸರಿ. ತೆಪ್ಪದಿಂದ ಮಾಡುವುದಾದರೆ ಲೈಫ್ ಜಾಕೆಟ್ ಇಲ್ಲದೆ ಹತ್ತಬೇಡಿ.

ಬರೆಯುವುದು ಪೆನ್ಸಿಲ್ಲಿನಲ್ಲಿ, ಜೆಲ್ ಪೆನ್ನು ಒದ್ದೆ ಕೈಗೆ ಹರಡುತ್ತದೆ. ಕಾಗದ ಮನೆ ಮುಟ್ಟಿದ ದಿನವೇ ಫೋಟೊ ತೆಗೆದು ಇಬ್ಬರ ಫೋನಿನಲ್ಲಿ ಇಡಿ. ನೋಡಿ ಏನೂ ಸಿಗದಿದ್ದರೆ 0, ನೋಡದೇ ಇದ್ದರೆ ಅಡ್ಡಗೆರೆ, ಇವೆರಡನ್ನು ಬೆರೆಸಬೇಡಿ. ಹದಿನೈದು ದಿನಕ್ಕೊಮ್ಮೆ ಹೋಗುವುದಾದರೆ ದಂಡೆಯ ಹುಲಿಗಿಯಲ್ಲಿ ಹುಲಿಗೆಮ್ಮನ ಗುಡಿಗೆ ಹುಣ್ಣಿಮೆಯ ಜನಸಂದಣಿ ಇರುವ ದಿನ ಆ ಭಾಗದ ಎಣಿಕೆ ಇಟ್ಟುಕೊಳ್ಳಬೇಡಿ, ಎರಡು ದಿನ ಬಿಟ್ಟು ಹೋಗಿ, ಪ್ರತಿ ತಿಂಗಳೂ ಅದೇ ಎರಡು ದಿನ. ಮಳೆಗಾಲದಲ್ಲಿ ಮೇಲಿನ ಶಿವಮೊಗ್ಗ, ಚಿಕ್ಕಮಗಳೂರು ಕಡೆ ಮಳೆ ಜೋರಾಗಿ ಜಲಾಶಯ ತುಂಬಿದ ಸುದ್ದಿ ಬಂದರೆ ಆ ವಾರ ದಂಡೆಗೆ ಇಳಿಯುವುದೇ ಬೇಡ. ಇಲ್ಲಿ ಒಂದು ಹನಿ ಬೀಳದಿದ್ದರೂ ಕಂಪ್ಲಿ ಸೇತುವೆಯ ಮೇಲೆ ನೀರು ಬರುತ್ತದೆ.