ವೈಸ್ ಸಿಟಿಯೋ, ಸ್ಯಾನ್ ಆಂಡ್ರಿಯಾಸೋ? ಬರೆದಿಟ್ಟಿದ್ದೇನೆ, ಓದಿಕೊಳ್ಳಿ

ಜಿಟಿಎ ಎಂಬ ವಿಡಿಯೋ ಗೇಮ್ ಸರಣಿಯಲ್ಲಿ ಯಾವುದು ಮೇಲು ಎಂದು ಕೇಳುವವರಿಗೆ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಜಿಟಿಎ ನಾಲ್ಕು. ಇಷ್ಟು ಸಾಕೆನ್ನುವವರು ಹೊರಡಬಹುದು. ಮುಖ ಸಿಂಡರಿಸಿಕೊಂಡವರು ಮಾತ್ರ ಕುಳಿತುಕೊಳ್ಳಿ, ಇದನ್ನು ಬರೆಯುತ್ತಿರುವುದೇ ನಿಮಗಾಗಿ.

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಹಿಂದೆ ಅದೇ ಮಳಿಗೆಯಲ್ಲಿ ಸೈಬರ್ ಸೆಂಟರ್ ನಡೆಸುತ್ತಿದ್ದೆ. ಬೋರ್ಡಿನ ಮೇಲೆ ಇಂಟರ್‌ನೆಟ್, ಜೆರಾಕ್ಸ್ ಎಂದು ಬರೆಸಿದ್ದರೂ ಬಾಡಿಗೆ ಹುಟ್ಟುತ್ತಿದ್ದದ್ದು ಗೇಮ್ ಆಡಲು ಬರುವ ಹುಡುಗರಿಂದಲೇ. ಟ್ಯೂಷನ್ನಿಗೆಂದು ಮನೆ ಬಿಟ್ಟು ನನ್ನ ಕ್ಯಾಬಿನ್ನಿನ ಪರದೆ ಎಳೆದುಕೊಂಡು ಕುಳಿತಿರುತ್ತಿದ್ದ ಆ ಮಹನೀಯರು ಈಗ ಬೆಂಗಳೂರಿನಲ್ಲಿ ದೊಡ್ಡ ಕೆಲಸಗಳಲ್ಲಿದ್ದಾರೆ. ಹಬ್ಬಕ್ಕೆ ಊರಿಗೆ ಬಂದಾಗ ಲ್ಯಾಪ್‌ಟಾಪಿಗೆ ಏನೂ ಆಗಿರದಿದ್ದರೂ ಅಂಗಡಿಗೆ ಬರುತ್ತಾರೆ. ಚಹಾ ತರಿಸುತ್ತೇನೆ. ಅದು ಬರುವುದರೊಳಗೆ ಪ್ರಶ್ನೆ ಬಂದಿರುತ್ತದೆ: "ಅಣ್ಣ, ನಿಜ ಹೇಳಿ. ವೈಸ್ ಸಿಟಿ ಮೇಲೋ, ಸ್ಯಾನ್ ಆಂಡ್ರಿಯಾಸ್ ಮೇಲೋ?"

ಈ 'ನಿಜ ಹೇಳಿ' ಎಂಬುದು ನನಗೆ ಆಗಿಬರದ ಮಾತು. ಇಷ್ಟು ವರ್ಷ ನಾನೇನು ಸುಳ್ಳು ಹೇಳಿಕೊಂಡು ಬಂದಿದ್ದೇನೆಯೇ? ಅಷ್ಟಕ್ಕೂ ಅವರಿಗೆ ಬೇಕಾಗಿರುವುದು ನಿಜವಲ್ಲ. ಉತ್ತರವನ್ನು ಬೆಂಗಳೂರಿನಿಂದಲೇ ಬರೆದುಕೊಂಡು ಬಂದಿರುತ್ತಾರೆ. ನಾನು ಗೆಜೆಟೆಡ್ ಅಧಿಕಾರಿಯ ಹಾಗೆ ಕೆಳಗೆ ಸಹಿ ಹಾಕಿ ಮೊಹರು ಒತ್ತಬೇಕು, ಅಷ್ಟೆ. ನಾಲ್ಕು ಎಂದೊಡನೆ ಮುಖ ಬಾಡುತ್ತದೆ. "ಅಯ್ಯೋ, ಅದರಲ್ಲಿ ಗಾಡಿ ತಿರುಗುವುದೇ ಇಲ್ಲವಲ್ಲ ಅಣ್ಣ!" ಎಷ್ಟು ಹೊತ್ತು ಆಡಿದ್ದೀರಿ ಎಂದು ವಿಚಾರಿಸಿದರೆ, ಗೆಳೆಯನ ಮನೆಯಲ್ಲಿ ಒಂದು ಸಂಜೆ.

ಗೊತ್ತಿಲ್ಲದವರಿಗೆ ಎರಡು ಮಾತು. ಜಿಟಿಎ, ಅಂದರೆ ಗ್ರ್ಯಾಂಡ್ ಥೆಫ್ಟ್ ಆಟೋ, ಎಂಬುದು ಕಂಡವರ ಕಾರು ಕಿತ್ತುಕೊಂಡು, ಪೊಲೀಸರ ಕಣ್ಣು ತಪ್ಪಿಸಿ, ರೌಡಿಗಳ ಕೆಲಸ ಮಾಡಿಕೊಟ್ಟು ಮೇಲೆ ಬರುವ ಆಟಗಳ ಸರಣಿ. ನಾನು ಹೇಳುತ್ತಿರುವ ಆಟಗಳ ಕಥೆಯೆಲ್ಲ ಅಮೆರಿಕದ್ದು, ಮುಂದೆ ನಿಂತು ಕಟ್ಟಿದ ತಂಡ ಸ್ಕಾಟ್ಲೆಂಡಿನದು. 1997ರ ಮೊದಲನೆಯದರಲ್ಲಿ ರಸ್ತೆಯನ್ನು ನೆತ್ತಿಯ ಮೇಲಿನಿಂದ ನೋಡಬೇಕಿತ್ತು. 2001ರ ಮೂರನೆಯದರಲ್ಲಿ ನೋಟ ಕೆಳಗಿಳಿದು ನಾಯಕನ ಬೆನ್ನ ಹಿಂದೆ ಬಂತು. 2002ರಲ್ಲಿ ವೈಸ್ ಸಿಟಿ, 2004ರಲ್ಲಿ ಸ್ಯಾನ್ ಆಂಡ್ರಿಯಾಸ್, 2008ರಲ್ಲಿ ನಾಲ್ಕು, 2013ರಲ್ಲಿ ಐದು. ಮೂರನೆಯದರಿಂದ ಮುಂದಿನವೆಲ್ಲ ಕಂಪ್ಯೂಟರಿಗೆ ಸ್ವಲ್ಪ ತಡವಾಗಿ ಬಂದವು. ವೈಸ್ ಸಿಟಿಯನ್ನೇ 'ಒಂದನೆಯದು' ಎನ್ನುವ ಗಿರಾಕಿಗಳೂ ನನಗಿದ್ದಾರೆ. ಅವರನ್ನು ತಿದ್ದುವ ಉಸಾಬರಿಗೆ ಹೋಗುವುದಿಲ್ಲ.

ವೈಸ್ ಸಿಟಿ ನಮ್ಮ ಊರನ್ನು ಗೆದ್ದದ್ದು ಹೇಗೆಂದು ನನ್ನನ್ನು ಕೇಳಿ, ಹೇಳುತ್ತೇನೆ. 128 ಎಂಬಿ ರ‍್ಯಾಮ್, 32 ಎಂಬಿ ಗ್ರಾಫಿಕ್ಸ್ ಇದ್ದರೆ ಅದಕ್ಕೆ ಸಾಕಾಗಿತ್ತು. ಬೇರೆ ಕಾರ್ಡು ಇಲ್ಲದ ಯಂತ್ರದಲ್ಲೂ ಕುಂಟುತ್ತ ಓಡುತ್ತಿತ್ತು. ಸ್ಯಾನ್ ಆಂಡ್ರಿಯಾಸ್ ಎರಡನ್ನೂ ಇಮ್ಮಡಿ ಕೇಳಿತು. ಹುಡುಗರು ಮಾನಿಟರಿನ ಪಕ್ಕಕ್ಕೆ ಚೀಟ್ ಕೋಡುಗಳ ಚೀಟಿ ಅಂಟಿಸಿಕೊಂಡಿದ್ದರು. ಪ್ಯಾಂಜರ್ ಎಂದು ಟೈಪ್ ಮಾಡಿದರೆ ಯುದ್ಧದ ಟ್ಯಾಂಕು ಎದುರಿಗೆ ಬಂದು ನಿಲ್ಲುತ್ತದೆ; ಲೀವ್ ಮಿ ಅಲೋನ್ ಎಂದರೆ ಪೊಲೀಸರು ಬೆನ್ನು ಬಿಡುತ್ತಾರೆ. ಶಾಲೆಯ ಇಂಗ್ಲಿಷ್ ಪರೀಕ್ಷೆಯಲ್ಲಿ ಸ್ಪೆಲ್ಲಿಂಗ್ ತಪ್ಪಿ ಬೈಸಿಕೊಳ್ಳುತ್ತಿದ್ದವರು ಇಲ್ಲಿ ಒಂದಕ್ಷರ ತಪ್ಪುತ್ತಿರಲಿಲ್ಲ. ಒಂದು ಕೈಯಲ್ಲಿ ಮಂಡಕ್ಕಿ-ಮೆಣಸಿನಕಾಯಿಯ ಪೊಟ್ಟಣ, ಇನ್ನೊಂದು ಕೈ ಕೀಬೋರ್ಡಿನ ಮೇಲೆ. ಡಬ್ಲ್ಯೂ, ಎ, ಎಸ್, ಡಿ ಕೀಲಿಗಳ ಮೇಲಿನ ಅಕ್ಷರ ಸವೆದು ಹೋಗಿ, ಸಂದಿಯೊಳಗೆ ಪುಟಾಣಿ ಹಿಟ್ಟು ಎಣ್ಣೆಯೊಡನೆ ಬೆರೆತು ಕಲ್ಲಾಗಿರುತ್ತಿತ್ತು. ಭಾನುವಾರ ಕೀಲಿಗಳನ್ನು ಒಂದೊಂದಾಗಿ ಎಬ್ಬಿಸಿ, ಸ್ಪಿರಿಟ್ಟಿನಲ್ಲಿ ಅದ್ದಿದ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕುತ್ತ ಕೂರುತ್ತಿದ್ದವನು ನಾನು. ಸರಣಿಯ ಬಗ್ಗೆ ಮಾತಾಡುವ ಹಕ್ಕು ನನಗೆ ಆ ಬ್ರಷ್ಷಿನಿಂದ ಬಂದದ್ದು.

ಇನ್ನು ಅವರು ಆಡಿದ ವೈಸ್ ಸಿಟಿ ಯಾವುದು? ಕತ್ತರಿಸಿದ ನಕಲು. ಕಡತ ಚಿಕ್ಕದಾಗಲೆಂದು ಯಾರೋ ಪುಣ್ಯಾತ್ಮರು ರೇಡಿಯೋ ಹಾಡುಗಳನ್ನೂ ಸಂಭಾಷಣೆಯನ್ನೂ ಕಿತ್ತು ಹಾಕಿದ್ದ ಇಂಥ ನಕಲುಗಳೇ ಆಗ ಎಲ್ಲೆಲ್ಲೂ ಹರಿದಾಡುತ್ತಿದ್ದವು. ಆಟದ ಊರು 1986ರ ಮಯಾಮಿಯನ್ನು ಹೋಲುವಂಥದ್ದು. ಕಾರು ಹತ್ತಿದೊಡನೆ ಆ ಕಾಲದ ನಿಜವಾದ ಹಾಡುಗಳು ರೇಡಿಯೋದಲ್ಲಿ ಬರುತ್ತವೆ. ಅದರ ಅರ್ಧ ಜೀವ ಅಲ್ಲಿದೆ. ನಾಯಕ ಟಾಮಿಗೆ ಧ್ವನಿ ಕೊಟ್ಟವರು ಹಾಲಿವುಡ್ ನಟ ರೇ ಲಿಯೋಟಾ. ನನ್ನ ಸೈಬರಿನಲ್ಲಿ ಟಾಮಿ ಮೂಕ, ಕಾರಿನ ರೇಡಿಯೋ ಸತ್ತಿತ್ತು. "ವೈಸ್ ಸಿಟಿಯ ಮಜವೇ ಬೇರೆ ಅಣ್ಣ" ಎಂದು ಈಗ ಕಣ್ಣು ಅರ್ಧ ಮುಚ್ಚಿ ಹೇಳುವವರು ಆ ಆಟವನ್ನು ನೋಡಿದ್ದಾರೆ, ಕೇಳಿಯೇ ಇಲ್ಲ. ಹೋಲಿಸುವುದಾದರೂ ಯಾವುದರ ಜೊತೆ ಯಾವುದನ್ನು?

ಸ್ಯಾನ್ ಆಂಡ್ರಿಯಾಸ್ ದೊಡ್ಡದೆಂಬುದರಲ್ಲಿ ನನಗೆ ತಕರಾರಿಲ್ಲ. ಮೂರು ನಗರ, ನಡುವೆ ಹಳ್ಳಿ, ಕಾಡು, ಮರುಭೂಮಿ. ಸೊಂಟದ ಮೇಲೆ ನೀರು ಬಂದರೆ ಟಾಮಿ ಸಾಯುತ್ತಿದ್ದ. ಇದರ ನಾಯಕ ಸಿಜೆ ಈಜುತ್ತಾನೆ. ಉಣ್ಣದಿದ್ದರೆ ಸೊರಗುತ್ತಾನೆ, ಅತಿಯಾಗಿ ಉಂಡರೆ ವಾಂತಿ ಮಾಡುತ್ತಾನೆ, ಜಿಮ್ಮಿಗೆ ಹೋದರೆ ತೋಳು ದಪ್ಪವಾಗುತ್ತದೆ. ವಿಮಾನ ಹಾರಿಸಬಹುದು, ಪ್ಯಾರಾಚೂಟ್ ಕಟ್ಟಿಕೊಂಡು ಜಿಗಿಯಬಹುದು. ಇದಾದ ಮೇಲೆ ನಾಲ್ಕು ಬಂತು. ಜಿಮ್ ಇಲ್ಲ, ವಿಮಾನ ಇಲ್ಲ, ಕ್ಷೌರ ಇಲ್ಲ, ಮನೆ ಕೊಳ್ಳುವಂತಿಲ್ಲ, ಟ್ಯಾಂಕು ಕೂಡ ಇಲ್ಲ. ಚೀಟ್ ಬೇಕಾದರೆ ನಾಯಕ ಜೇಬಿನಿಂದ ಮೊಬೈಲ್ ತೆಗೆದು ನಂಬರು ಒತ್ತಬೇಕು. ಇರುವುದು ನ್ಯೂಯಾರ್ಕಿನಂಥ ಒಂದೇ ನಗರ. ನನ್ನ ಹುಡುಗರಿಗೆ ಮೋಸ ಹೋದಂತಾಯಿತು.

ಈ ಪ್ರಶ್ನೆಯನ್ನು ನೆಟ್ಟಗೆ ಕೇಳಿದವರನ್ನು ಒಮ್ಮೆ ಮಾತ್ರ ಕಂಡಿದ್ದೇನೆ. ಕಾಲೇಜು ಪ್ರವೇಶದ ದಿನಗಳು. ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಇಂಜಿನಿಯರಿಂಗ್ ಸೇರಿದ ಮಗನಿಗೆ ಕಂಪ್ಯೂಟರ್ ಜೋಡಿಸಿಕೊಡಿ ಎಂದು ಬಂದಿದ್ದರು. ನಾನು ಬಿಡಿಭಾಗಗಳ ಪಟ್ಟಿ ಬರೆಯುತ್ತಿರುವಾಗ ಹುಡುಗ ಕೌಂಟರಿನ ಮೇಲೆ ಬಾಗಿ, ಇದರಲ್ಲಿ ಜಿಟಿಎ ಐದು ಓಡುತ್ತದೆಯೇ ಎಂದು ಪಿಸುಗುಟ್ಟಿದ. ಓಡಬೇಕಾದರೆ ಬೇರೆ ಗ್ರಾಫಿಕ್ಸ್ ಕಾರ್ಡು ಹಾಕಬೇಕು ಎಂದೆ, ಮೆಲ್ಲಗೇ. ಯಜಮಾನರ ಕಿವಿ ಚುರುಕು.

"ಏನದು ಐದು?"

"ಅದು ಡ್ರೈವಿಂಗ್ ಕಲಿಸುವ ಸಾಫ್ಟ್‌ವೇರ್, ಅಪ್ಪಾಜಿ."

ಅವರು ಮಗನನ್ನು ಬಿಟ್ಟು ನನ್ನತ್ತ ತಿರುಗಿದರು. "ಐದು ಎಂದರೆ ಹಿಂದೆ ನಾಲ್ಕು ಬಂದಿವೆ ಎಂದಾಯಿತು. ಅವುಗಳಲ್ಲಿ ಇದ್ದದ್ದೆಲ್ಲ ಇದರಲ್ಲಿ ಇದೆಯೋ, ಏನನ್ನಾದರೂ ಕಿತ್ತಿದ್ದಾರೋ? ನಮ್ಮ ಔಷಧಿ ಹೊಡೆಯುವ ಪಂಪು ಮೊದಲು ಹಿತ್ತಾಳೆಯದಿತ್ತು. ಹೊಸ ಮಾಡೆಲ್ ಎಂದು ಕೊಟ್ಟರು, ಒಳಗೆಲ್ಲ ಪ್ಲಾಸ್ಟಿಕ್."

ನಾನು ಉತ್ತರಿಸುವ ಮೊದಲೇ ಅವರ ಬೆರಳು ಪಟ್ಟಿಯ ಮೇಲೆ ಇಳಿಯುತ್ತ ಹೋಗಿ ಒಂದು ಸಾಲಿನ ಮೇಲೆ ನಿಂತಿತು. "ಡ್ರೈವಿಂಗನ್ನು ಟ್ರ್ಯಾಕ್ಟರಿನ ಮೇಲೆ ನಾನೇ ಕಲಿಸುತ್ತೇನೆ. ಈ ಕಾರ್ಡನ್ನು ತೆಗೆಯಿರಿ." ಹುಡುಗ ನನ್ನನ್ನು ನೋಡಿದ ನೋಟದಲ್ಲಿ ಸ್ನೇಹವಿರಲಿಲ್ಲ. ವ್ಯಾಪಾರ ಅಷ್ಟು ಕಡಿಮೆಯಾಯಿತು, ಪ್ರಶ್ನೆ ಮಾತ್ರ ನನಗೆ ಉಳಿಯಿತು. ಏನನ್ನು ಸೇರಿಸಿದ್ದಾರೆಂದು ಪೆಟ್ಟಿಗೆಯ ಮೇಲೆಯೇ ಅಚ್ಚು ಹಾಕಿರುತ್ತಾರೆ. ಏನನ್ನು ಕಿತ್ತರು, ಕಿತ್ತದ್ದರಿಂದ ಏನಾಯಿತು ಎಂಬುದನ್ನು ಆಡಿದವರೇ ಹೇಳಬೇಕು.

ಸ್ಯಾನ್ ಆಂಡ್ರಿಯಾಸಿನ ಮಂಜನ್ನೇ ತೆಗೆದುಕೊಳ್ಳಿ. ಆಟ ಮೊದಲು ಬಂದದ್ದು ಟಿವಿಗೆ ಜೋಡಿಸಿ ಆಡುವ ಪ್ಲೇಸ್ಟೇಷನ್ 2 ಎಂಬ ಯಂತ್ರಕ್ಕೆ. ಆ ಯಂತ್ರದ ಮುಖ್ಯ ಮೆಮೊರಿ 32 ಎಂಬಿ. ಅಷ್ಟರಲ್ಲಿ ಒಂದು ರಾಜ್ಯವನ್ನು ಹಿಡಿಸಲಾಗುವುದಿಲ್ಲ. ಆಟಗಾರನ ಸುತ್ತಮುತ್ತ ಇರುವಷ್ಟನ್ನು ಮಾತ್ರ ಡಿಸ್ಕಿನಿಂದ ಎಳೆದು ತಂದು, ದೂರದ್ದನ್ನು ಮಬ್ಬು ಮಂಜಿನ ಹಿಂದೆ ಅಡಗಿಸಿದರು. ಒಂದು ನಗರ ಬಿಟ್ಟು ಇನ್ನೊಂದಕ್ಕೆ ಹೊರಟರೆ ನಿಜವಾಗಿ ಹಿಡಿಯುವುದು ಕೆಲವೇ ನಿಮಿಷ. ಆದರೆ ಮುಂದೇನಿದೆಯೆಂದು ಕಾಣದ್ದರಿಂದ ಬಹಳ ದೂರ ಬಂದೆವೆನ್ನಿಸುತ್ತಿತ್ತು. 2021ರಲ್ಲಿ ಇದೂ ಸೇರಿ ಮೂರು ಹಳೆಯ ಆಟಗಳನ್ನು ಹೊಸ ಯಂತ್ರಗಳಿಗಾಗಿ ತಿದ್ದಿ ತಂದರು. ಮೆಮೊರಿಗೆ ಈಗ ಬರವಿಲ್ಲವಲ್ಲ, ಮಂಜು ಹೋಯಿತು. ವಿಮಾನ ಹತ್ತಿ ಮೇಲೇರಿದರೆ ಕಾಡು ಅಲ್ಲಿಗೇ ಮುಗಿಯುತ್ತದೆ, ಅದರಾಚೆ ಮತ್ತೊಂದು ನಗರದ ಕಟ್ಟಡಗಳು ನಿಂತಿವೆ. ಇಷ್ಟೇನಾ ಎಂದುಕೊಂಡೆ. ನಕ್ಷೆಯನ್ನು ಒಂದಿಂಚೂ ಕತ್ತರಿಸದೆ ಇಡೀ ರಾಜ್ಯವನ್ನು ಕುಗ್ಗಿಸಿಬಿಟ್ಟಿದ್ದರು. ಜನ ಗಲಾಟೆ ಮಾಡಿದರು, ತಿದ್ದುಪಡಿಗಳು ಬಂದವು, ಹಳೆಯ ಆಕಾಶ ಮತ್ತು ಬೆಳಕಿನ ಛಾಯೆಯನ್ನು ಮರಳಿ ಕೊಡುವ ಆಯ್ಕೆ 2024ರಲ್ಲಿ ಬಂತು.

ಅಂದ ಮೇಲೆ 'ಸ್ಯಾನ್ ಆಂಡ್ರಿಯಾಸ್ ಮೇಲೋ' ಎಂಬ ಮಾತಿಗೆ ಅರ್ಥವೇನು? ಮಂಜಿರುವುದೋ, ಇಲ್ಲದ್ದೋ? ನಾಲ್ಕರ ಪಾಡೂ ಇದೇ. ಹಾಡುಗಳ ಹಕ್ಕಿನ ಹತ್ತು ವರ್ಷದ ಅವಧಿ ಮುಗಿಯಿತೆಂದು 2018ರಲ್ಲಿ ಅದರ ವ್ಲಾಡಿವೋಸ್ಟಾಕ್ ಎಫ್‌ಎಂ ಎಂಬ ರಷ್ಯನ್ ರೇಡಿಯೋದಿಂದ ಬಹಳಷ್ಟು ಹಾಡುಗಳು ಮಾಯವಾದವು. ನಕಲು ಸಿ.ಡಿ.ಯವರು ನಮಗೆ ಮಾಡಿದ್ದನ್ನು ವಕೀಲರು ಜಗತ್ತಿಗೆಲ್ಲ ಮಾಡಿದರು.

ಇಷ್ಟಾದರೂ ನಾಲ್ಕೇ ಏಕೆ? ಕಿತ್ತ ಜಾಗದಲ್ಲಿ ಅದು ಭಾರವನ್ನು ತುಂಬಿತು. ಬ್ರೇಕ್ ಒತ್ತಿದರೆ ಕಾರಿನ ಮೂತಿ ತಗ್ಗುತ್ತದೆ, ತಿರುವಿನಲ್ಲಿ ಮೈ ವಾಲುತ್ತದೆ. ವೇಗದಲ್ಲಿ ಹೋಗಿ ಗುದ್ದಿದರೆ ನಾಯಕ ನಿಕೊ ಗಾಜು ಒಡೆದುಕೊಂಡು ಬಾನೆಟ್ಟಿನಾಚೆ ಹೋಗಿ ಬೀಳುತ್ತಾನೆ. ದಾರಿಹೋಕನನ್ನು ತಳ್ಳಿದರೆ ಮೊದಲೇ ಬರೆದಿಟ್ಟ ಒಂದೇ ರೀತಿಯಲ್ಲಿ ಬೀಳುವುದಿಲ್ಲ. ಯೂಫೋರಿಯಾ ಎಂಬ ತಂತ್ರಾಂಶ ಅವನ ಮೈಯ ಸಮತೋಲವನ್ನು ಆ ಕ್ಷಣದಲ್ಲೇ ಲೆಕ್ಕ ಹಾಕುತ್ತದೆ. ತಡವರಿಸಿ, ಕೈ ಚಾಚಿ ನಿಲ್ಲಲು ನೋಡುತ್ತಾನೆ. ಕದ್ದ ಕಾರಿನ ಒಡೆಯ ಬಾಗಿಲ ಹಿಡಿಕೆಗೆ ಜೋತುಬಿದ್ದು ಸ್ವಲ್ಪ ದೂರ ಎಳೆದುಕೊಂಡೇ ಬಂದದ್ದನ್ನು ಕಂಡು ನಾನು ಆಕ್ಸಿಲರೇಟರ್ ಬಿಟ್ಟದ್ದುಂಟು. ಗಾಡಿ ತಿರುಗುವುದಿಲ್ಲ ಎನ್ನುತ್ತೀರಲ್ಲ, ತಿರುಗುತ್ತದೆ. ನಿಧಾನ ಮಾಡಿ.

ಕಥೆಯೂ ಹಾಗೆಯೇ. ಯುದ್ಧ ಕಂಡ ನಿಕೊ ಪೂರ್ವ ಯುರೋಪಿನಿಂದ ಹಡಗಿನಲ್ಲಿ ಬರುತ್ತಾನೆ. ಬಂಗಲೆ ಇದೆ, ಸ್ಪೋರ್ಟ್ಸ್ ಕಾರುಗಳಿವೆ ಎಂದು ಸೋದರಸಂಬಂಧಿ ರೋಮನ್ ತಿಳಿಸಿರುತ್ತಾನೆ. ಇಳಿದು ನೋಡಿದರೆ ಜಿರಳೆ ಓಡಾಡುವ ಒಂದು ಕೋಣೆ, ಮೈತುಂಬ ಸಾಲ. ಪಿಜಿಯ ಮೂಲೆಯ ಮಂಚದಿಂದ ಊರಿಗೆ ಫೋನ್ ಮಾಡಿ "ಎಲ್ಲ ಚೆನ್ನಾಗಿದೆ ಅಮ್ಮ" ಎಂದವರಿಗಾದರೂ ಇದು ತಟ್ಟಬೇಕಿತ್ತು. ಅವರಿಗೆ ನೆನಪಿರುವುದು, ಚೆಂಡು ಉರುಳಿಸಿ ಗೂಟ ಬೀಳಿಸುವ ಬೌಲಿಂಗ್ ಆಡಲು ಬಾ ಎಂದು ರೋಮನ್ ಮತ್ತೆ ಮತ್ತೆ ಫೋನ್ ಮಾಡಿ ಪೀಡಿಸುತ್ತಿದ್ದದ್ದು ಮಾತ್ರ.

ಐದರ ಬಗ್ಗೆ ಹೆಚ್ಚು ಹೇಳುವುದಿಲ್ಲ. 20 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾದ ಆಟಕ್ಕೆ ನನ್ನ ಶಿಫಾರಸು ಬೇಕಿಲ್ಲ. ವಿಮಾನ, ಪ್ಯಾರಾಚೂಟ್, ಕ್ಷೌರ ಮರಳಿದವು. ಕಾರುಗಳು ಹಗುರಾದವು, ನನ್ನ ಹುಡುಗರು ಖುಷಿಯಾದರು. ಬರ್ಗರ್ ಅಂಗಡಿಯ ಬೋರ್ಡು ಝಗಝಗಿಸುತ್ತದೆ, ಬಾಗಿಲು ಮಾತ್ರ ತೆರೆಯುವುದಿಲ್ಲ. ನಾಲ್ಕರಲ್ಲಿ ಒಳಗೆ ಹೋಗಿ ತಿಂದು ಬರಬಹುದಿತ್ತು. ಇದನ್ನು ಹೇಳಿದರೆ "ಬರ್ಗರಿಗೋಸ್ಕರ ಯಾರು ಆಡುತ್ತಾರೆ ಅಣ್ಣ" ಎನ್ನುತ್ತಾರೆ. ನಾನು ಆಡುತ್ತೇನೆ.

ಆರನೆಯದು 2025ಕ್ಕೆ ಬರುತ್ತದೆ ಎಂದಿದ್ದರು, ಆಮೇಲೆ 2026ಕ್ಕೆ ತಳ್ಳಿದರು. ಅದರ ಕಥೆ ನಡೆಯುವುದು ಮತ್ತೆ ವೈಸ್ ಸಿಟಿಯಲ್ಲಿ. ಆದ್ದರಿಂದ ಇನ್ನು ಮುಂದೆ "ವೈಸ್ ಸಿಟಿ ಮೇಲೋ" ಎಂದು ಕೇಳಬಯಸುವವರು ಯಾವ ಇಸವಿಯದು ಎಂಬುದನ್ನೂ ಸೇರಿಸಬೇಕು. 2002ರದ್ದಾದರೆ, ಹಾಡು ಇದ್ದದ್ದೋ ಇಲ್ಲದ್ದೋ ಎಂಬುದನ್ನೂ.