ರಿಪೋರ್ಟ್ ಉದ್ದ ಇದ್ದಷ್ಟೂ ಒಳ್ಳೇದು ಅಂದ್ಕೊಂಡಿದ್ದೆ

ನಾನು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತೇನೆ, ಆದರೆ ರೋಗಿಗಳ ಮುಖ ನೋಡುವುದು ಅಪರೂಪ. ನನ್ನ ಮೇಜಿಗೆ ಬರುವುದು ಅವರ ಮೂತ್ರ, ಕಫ, ಕೀವು, ರಕ್ತ. ಮೈಕ್ರೋಬಯಾಲಜಿ ಅಂದರೆ ಹಾಗೇ. ಎಷ್ಟೋ ಜನರ ಹೆಸರು, ವಾರ್ಡ್ ನಂಬರ್, ಅವರೊಳಗಿನ ಬ್ಯಾಕ್ಟೀರಿಯಾ ಎಲ್ಲ ಗೊತ್ತು. ಎದುರಿಗೆ ಬಂದರೆ ಗುರುತು ಸಿಗೋದಿಲ್ಲ.

ಕಲ್ಚರ್ ಟೆಸ್ಟ್ ಅಂದರೆ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಮೂತ್ರ ಬಂದರೆ ಲೂಪಿನಲ್ಲಿ, ಅಂದರೆ ತುದಿ ಬಳೆಯಂತಿರುವ ಕಡ್ಡಿಯಲ್ಲಿ, ಸ್ವಲ್ಪ ತೆಗೆದು ಬ್ಯಾಕ್ಟೀರಿಯಾಕ್ಕೆ ಆಹಾರ ಹಾಕಿಟ್ಟ ಪ್ಲೇಟಿನ ಮೇಲೆ ಗೀಚಿ, ಇನ್ಕ್ಯುಬೇಟರ್‌ನಲ್ಲಿಡುತ್ತೇವೆ. ಮಾರನೇ ದಿನ ಬೆಳಿಗ್ಗೆ ತೆಗೆದರೆ ಬ್ಯಾಕ್ಟೀರಿಯಾ ಚುಕ್ಕಿ ಚುಕ್ಕಿಯಾಗಿ ಬೆಳೆದಿರುತ್ತದೆ. ಕ್ಲೆಬ್ಸಿಯೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಆದರೆ ಮ್ಯಾಕಾಂಕಿ ಅನ್ನೋ ಬಗೆಯ ಪ್ಲೇಟಿನ ಮೇಲೆ ಗುಲಾಬಿ ಬಣ್ಣದಲ್ಲಿ ದಪ್ಪಗೆ, ಲೋಳೆ ಲೋಳೆಯಾಗಿ ಕೂತಿರುತ್ತದೆ. ಕೆಲವೊಮ್ಮೆ ಲೂಪ್ ಮುಟ್ಟಿಸಿ ಮೇಲೆತ್ತಿದರೆ ಬೆಲ್ಲದ ಪಾಕ ಎಳೆ ಬಂದ ಹಾಗೆ ಹಿಂದೆಯೇ ಬರುತ್ತದೆ. ಅದನ್ನು ಇನ್ನೊಂದು ಪ್ಲೇಟಿನ ತುಂಬ ಹರಡಿ, ಮೇಲೆ ಔಷಧಿ ಹೀರಿದ ಪುಟ್ಟ ಕಾಗದದ ಬಿಲ್ಲೆಗಳನ್ನು ಇಡುತ್ತೇವೆ. ಔಷಧಿ ಕೆಲಸ ಮಾಡಿದರೆ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದೆ ದುಂಡಗೆ ಜಾಗ ಖಾಲಿ ಉಳಿಯುತ್ತದೆ. ಅದನ್ನು ಸ್ಕೇಲ್ ಹಿಡಿದು ಅಳೆಯಬೇಕು. ಮೆರೋಪೆನೆಮ್ ಅನ್ನೋ ಜೋರಾದ ಆಂಟಿಬಯೋಟಿಕ್‌ನ ಬಿಲ್ಲೆಗೆ 23 ಮಿಲಿಮೀಟರ್ ಅಥವಾ ಜಾಸ್ತಿ ಬಂದರೆ 'ಎಸ್', ಅಂದರೆ ಬ್ಯಾಕ್ಟೀರಿಯಾ ಔಷಧಿಗೆ ಬಗ್ಗುತ್ತದೆ. 19 ಅಥವಾ ಕಮ್ಮಿ ಬಂದರೆ 'ಆರ್', ಬಗ್ಗಲ್ಲ.

ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ನನಗೊಂದು ಹುರುಪಿತ್ತು. ಎಷ್ಟು ಔಷಧಿ ಟೆಸ್ಟ್ ಮಾಡುತ್ತೇವೋ ಅಷ್ಟನ್ನೂ ರಿಪೋರ್ಟಿನಲ್ಲಿ ಹಾಕಬೇಕು. ಒಂದೊಂದು ರಿಪೋರ್ಟಿನಲ್ಲಿ ಹದಿನೆಂಟು ಹೆಸರು. ಡಾಕ್ಟರಿಗೆ ಆಯ್ಕೆ ಜಾಸ್ತಿ ಇದ್ದಷ್ಟೂ ರೋಗಿಗೆ ಒಳ್ಳೇದು ಅನ್ನೋದು ನನ್ನ ಲೆಕ್ಕ. ರೋಗಿಯ ಕಡೆಯವರಿಗೂ ಖುಷಿ, ಕೊಟ್ಟ ದುಡ್ಡಿಗೆ ಇಷ್ಟುದ್ದದ ಕಾಗದ ಬಂತಲ್ಲ!

ಆಮೇಲೆ ಆ ಅಜ್ಜಿಯ ವಿಷಯ ಬಂತು.

ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಬಂದವರು. ಆಪರೇಷನ್ ಆಗಿತ್ತು, ಎದ್ದು ಓಡಾಡೋಕೆ ಆಗ್ತಿರಲಿಲ್ಲ ಅಂತ ಮೂತ್ರದ ಕ್ಯಾಥೆಟರ್, ಅಂದರೆ ಮೂತ್ರ ಚೀಲಕ್ಕೆ ಹರಿಸುವ ನಳಿಕೆ, ಹಾಗೇ ಬಿಟ್ಟಿದ್ದರು. ಜ್ವರ ಇಲ್ಲ, ನೋವಿಲ್ಲ. ಚೀಲದಲ್ಲಿ ಮೂತ್ರ ಸ್ವಲ್ಪ ಮಬ್ಬಾಗಿ ಕಂಡಿತು ಅಂತ ಯಾರೋ ಕಲ್ಚರ್‌ಗೆ ಕಳಿಸಿದರು. ನನ್ನ ಪ್ಲೇಟಿನಲ್ಲಿ ಕ್ಲೆಬ್ಸಿಯೆಲ್ಲಾ ಬೆಳೆಯಿತು. ಸೆಫ್ಟ್ರಿಯಾಕ್ಸೋನ್ ಆರ್, ಅಮಿಕಾಸಿನ್ ಆರ್, ಮೆರೋಪೆನೆಮ್ ಬಿಲ್ಲೆಯ ಸುತ್ತ ಒಂಚೂರೂ ಜಾಗ ಇಲ್ಲ. ಕೊಲಿಸ್ಟಿನ್‌ಗೆ ಬಿಲ್ಲೆ ಟೆಸ್ಟ್ ನಂಬುವ ಹಾಗಿಲ್ಲ, ಅದನ್ನು ದ್ರವದಲ್ಲೇ ಬೇರೆ ಬೇರೆ ಪ್ರಮಾಣ ಹಾಕಿ ನೋಡಬೇಕು. ಅದನ್ನೂ ಮಾಡಿದೆ. ಪಟ್ಟಿಯಲ್ಲಿ ಉಳಿದದ್ದು ಅದೊಂದೇ. ಹದಿನೆಂಟು ಹೆಸರೂ ಹಾಕಿ ಸಹಿ ಮಾಡಿ ಕಳಿಸಿದೆ. ಇಷ್ಟು ಬೇಗ ಕೊಟ್ಟೆನಲ್ಲ ಅಂತ ಒಳಗೊಳಗೇ ಹೆಮ್ಮೆ ಬೇರೆ.

ಆ ರಾತ್ರಿಯೇ ಕೊಲಿಸ್ಟಿನ್ ಶುರುವಾಯಿತು. ಕೊಲಿಸ್ಟಿನ್ ಹಳೇ ಔಷಧಿ. ಕಿಡ್ನಿಗೆ ಪೆಟ್ಟು ಕೊಡುತ್ತದೆ ಅಂತಲೇ ಒಂದು ಕಾಲದಲ್ಲಿ ಡಾಕ್ಟರುಗಳು ಮೂಲೆಗೆ ಹಾಕಿದ್ದರು. ಬೇರೆ ಯಾವುದೂ ಕೆಲಸ ಮಾಡದ ಕಾಲ ಬಂದಿದ್ದಕ್ಕೆ ಮತ್ತೆ ಕಪಾಟಿನಿಂದ ಇಳಿಸಿಕೊಂಡಿದ್ದು. ನಾಲ್ಕನೇ ದಿನ ಅಜ್ಜಿಯ ರಕ್ತದಲ್ಲಿ ಕ್ರಿಯಾಟಿನಿನ್ ಏರತೊಡಗಿತು, ಅಂದರೆ ಕಿಡ್ನಿ ಸೋಲುತ್ತಿತ್ತು. ಕಿಡ್ನಿ ಡಾಕ್ಟರ್ ಬಂದರು, ಫೈಲ್ ತಿರುವಿದರು, ನನಗೆ ಫೋನ್ ಮಾಡಿದರು. ಅವರು ಕೇಳಿದ್ದು ಒಂದೇ ಪ್ರಶ್ನೆ.

"ಮೇಡಂ, ಈ ಯಮ್ಮನಿಗೆ ಇನ್‌ಫೆಕ್ಷನ್ ಇತ್ತಾ?"

ಇರಲಿಲ್ಲ. ಕ್ಯಾಥೆಟರ್ ಹಾಕಿದ ಮೇಲೆ ದಿನ ಕಳೆದಂತೆ ಮೂತ್ರದಲ್ಲಿ ಬ್ಯಾಕ್ಟೀರಿಯಾ ಸೇರಿಕೊಳ್ಳುತ್ತದೆ. ಒಂದು ತಿಂಗಳು ಹಾಗೇ ಇದ್ದರೆ ಹೆಚ್ಚುಕಮ್ಮಿ ಎಲ್ಲರ ಮೂತ್ರದಲ್ಲೂ ಇರುತ್ತದೆ. ಅದು ಅಲ್ಲಿ ಸುಮ್ನೆ ವಾಸ ಇದೆ, ಕಾಯಿಲೆ ಮಾಡ್ತಿಲ್ಲ. ಇದಕ್ಕೆ ಔಷಧಿ ಬೇಕಾಗುವುದು ಬಸುರಿಯರಿಗೆ, ಮೂತ್ರನಾಳದ ಆಪರೇಷನ್‌ಗೆ ಹೋಗುವವರಿಗೆ, ಇಂಥ ಕೆಲವರಿಗೆ ಮಾತ್ರ. ಇದು ನನಗೆ ಪಾಠದಲ್ಲಿ ಬಂದದ್ದೇ, ಪರೀಕ್ಷೆಯಲ್ಲಿ ಬರೆದದ್ದೇ.

ಮೊದಲು ಡ್ಯೂಟಿ ಡಾಕ್ಟರ್ ಮೇಲೆ ಸಿಟ್ಟು ಬಂತು. ಆಮೇಲೆ ನನ್ನದೇ ರಿಪೋರ್ಟ್ ತೆಗೆದು ನೋಡಿದೆ. ಬ್ಯಾಕ್ಟೀರಿಯಾದ ಹೆಸರು ದಪ್ಪಕ್ಷರದಲ್ಲಿ, ಕೆಳಗೆ ಸಾಲು ಸಾಲು ಕೆಂಪು ಆರ್, ಕೊನೆಯಲ್ಲಿ ಒಂದೇ ಒಂದು ಹೆಸರಿಗೆ ಕೆಂಪಿಲ್ಲ. ರಾತ್ರಿ ಎರಡು ಗಂಟೆಗೆ, ಮೂವತ್ತು ರೋಗಿಗಳನ್ನು ಒಬ್ಬನೇ ನೋಡ್ತಿರೋ ಹುಡುಗನ ಕೈಗೆ ಈ ಕಾಗದ ಕೊಟ್ಟರೆ ಅವನು ಇನ್ನೇನು ಮಾಡುತ್ತಾನೆ? ಅದನ್ನು ರಿಪೋರ್ಟ್ ಅಂತ ಕರೀತಿದ್ದೆ ಅಷ್ಟೆ. ನಿಜಕ್ಕೂ ನಾನು ಬರೆದದ್ದು ಔಷಧಿ ಚೀಟಿ.

ಅಜ್ಜಿ ಚೇತರಿಸಿಕೊಂಡು ಮನೆಗೆ ಹೋದರು. ಕಿಡ್ನಿ ಮಾತ್ರ ಮೊದಲಿನ ಮಟ್ಟಕ್ಕೆ ಬರಲಿಲ್ಲ.

ಅಲ್ಲಿಂದ ಮುಂದೆ ನಾವು ರಿಪೋರ್ಟಿನಿಂದ ಹೆಸರು ತೆಗೆಯತೊಡಗಿದೆವು. ಇದು ನಾನು ಕಂಡುಹಿಡಿದದ್ದೇನಲ್ಲ, ಎಷ್ಟೋ ಕಡೆ ಮೊದಲಿನಿಂದ ಮಾಡುತ್ತಾರೆ. ಟೆಸ್ಟ್ ಎಲ್ಲದಕ್ಕೂ ಮಾಡುತ್ತೇವೆ, ತೋರಿಸುವುದು ಬೇಕಾದ್ದನ್ನಷ್ಟೇ. ಬರೀ ಮೂತ್ರಕೋಶದ ಇನ್‌ಫೆಕ್ಷನ್, ಬೆಳೆದದ್ದು ಇ.ಕೋಲಿ, ನೈಟ್ರೋಫ್ಯುರಾಂಟಾಯಿನ್ ಮಾತ್ರೆಗೆ ಬಗ್ಗುತ್ತದೆ. ಹಾಗಿದ್ದರೆ ಅದು, ಅದರ ಜೊತೆಗೆ ಅಂಥದ್ದೇ ಇನ್ನೊಂದೆರಡು. ಮೆರೋಪೆನೆಮ್ ಹೆಸರು ಕಾಣಿಸೋದೇ ಇಲ್ಲ. ಕೆಳಗಿನ ಮೆಟ್ಟಿಲುಗಳೆಲ್ಲ ಆರ್ ಆದಾಗ ಮಾತ್ರ ಮೇಲಿನ ಮೆಟ್ಟಿಲು ತೆರೆಯುತ್ತದೆ. ಕ್ಯಾಥೆಟರ್ ಮೂತ್ರ, ಲಕ್ಷಣ ಏನೂ ಬರೆದಿಲ್ಲ ಅಂದರೆ ಔಷಧಿ ಪಟ್ಟಿಯೇ ಇಲ್ಲ. ಬದಲಿಗೆ ಒಂದು ಸಾಲು: ಜ್ವರ ಅಥವಾ ಬೇರೆ ಲಕ್ಷಣ ಇದ್ದರೆ ಲ್ಯಾಬಿಗೆ ಫೋನ್ ಮಾಡಿ.

ಗಲಾಟೆ ಆಯಿತು. ಹಿರಿಯ ಸರ್ಜನ್ ಒಬ್ಬರು ನೇರ ಲ್ಯಾಬಿಗೇ ಇಳಿದು ಬಂದರು. "ಪೇಷೆಂಟ್ ನನ್ನೋರು, ಔಷಧಿ ಬಚ್ಚಿಡೋಕೆ ನೀವ್ಯಾರಮ್ಮಾ?" ಅಂದರು. ಮಾತಿನಲ್ಲಿ ನ್ಯಾಯ ಇಲ್ಲ ಅಂತ ಹೇಳೋಕಾಗಲ್ಲ. ಕಂಪ್ಯೂಟರ್ ತೋರಿಸಿದೆ, ಎಲ್ಲ ಫಲಿತಾಂಶವೂ ಇಲ್ಲೇ ಇದೆ ಸರ್, ಫೋನ್ ಮಾಡಿದರೆ ಒಂದು ನಿಮಿಷ ಅಂದೆ. ಅವರು ಒಪ್ಪಲಿಲ್ಲ. ಆದರೆ ಆಮೇಲೆ ಫೋನ್ ಮಾಡತೊಡಗಿದರು. ಅದೇ ನನಗೆ ಸಿಕ್ಕ ದೊಡ್ಡ ಲಾಭ. ಫೋನಿನಲ್ಲಿ ಎರಡು ಮಾತಾಡಿದರೆ ರೋಗಿಗೆ ಏನಾಗಿದೆ ಅಂತ ನನಗೆ ತಿಳಿಯುತ್ತದೆ, ಪ್ಲೇಟಿನಲ್ಲಿ ಏನಿದೆ ಅಂತ ಅವರಿಗೆ.

ನಾನೂ ಎಡವಿದೆ. ಶುರುವಿನಲ್ಲಿ ರಾತ್ರಿ ಹೊತ್ತು ಲ್ಯಾಬಿನ ಫೋನ್ ಎತ್ತೋರು ಯಾರೂ ಇರಲಿಲ್ಲ. ಐಸಿಯುನಲ್ಲಿ ಬಿಪಿ ಇಳಿಯುತ್ತಿದ್ದ ರೋಗಿಯೊಬ್ಬರ ರಕ್ತದ ರಿಪೋರ್ಟಿಗೂ ಇದೇ ಮೆಟ್ಟಿಲ ಲೆಕ್ಕ ಅಂಟಿಕೊಂಡುಬಿಟ್ಟಿತ್ತು. ಅಲ್ಲಿನ ಡಾಕ್ಟರ್ ಕಾಯದೆ ಮೆರೋಪೆನೆಮ್ ಶುರು ಮಾಡಿದ್ದು ನನ್ನ ಪುಣ್ಯ. ಮಾರನೇ ದಿನವೇ ಐಸಿಯು ರಕ್ತದ ಕಲ್ಚರ್‌ಗಳನ್ನು ಈ ನಿಯಮದಿಂದ ತೆಗೆದು, ರಾತ್ರಿ ಕರೆ ನನ್ನ ಮೊಬೈಲ್‌ಗೇ ಬರುವ ಹಾಗೆ ಮಾಡಿಸಿದೆ. ನಿದ್ದೆ ಕೆಟ್ಟಿದೆ, ಇರಲಿ.

ಈಗ ಸ್ವಲ್ಪ ದೊಡ್ಡವರ ವಿಷಯ. 2019ರಲ್ಲಿ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳಿಂದಲೇ ಸತ್ತವರು ಜಗತ್ತಿನಲ್ಲಿ 12.7 ಲಕ್ಷ, ಸಾವಿನಲ್ಲಿ ಅವುಗಳ ಪಾತ್ರ ಇದ್ದದ್ದು 49.5 ಲಕ್ಷ ಅಂತ ಒಂದು ದೊಡ್ಡ ಅಧ್ಯಯನದ ಅಂದಾಜು. 2024ರ ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆಯಲ್ಲಿ ದೇಶಗಳೆಲ್ಲ ಕೂತು, ಈ 49.5 ಲಕ್ಷವನ್ನು 2030ರ ಹೊತ್ತಿಗೆ ಶೇಕಡಾ 10 ಇಳಿಸೋಣ ಅಂತ ಒಪ್ಪಿಕೊಂಡವು. ಜೊತೆಗೆ ಇನ್ನೊಂದು ಗುರಿ: ಜನರಿಗೆ ಕೊಡುವ ಆಂಟಿಬಯೋಟಿಕ್‌ಗಳಲ್ಲಿ ಶೇಕಡಾ 70 'ಆಕ್ಸೆಸ್' ಗುಂಪಿನವು ಆಗಿರಬೇಕು. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಆಂಟಿಬಯೋಟಿಕ್‌ಗಳನ್ನು ಮೂರು ಗುಂಪು ಮಾಡಿದೆ. ಆಕ್ಸೆಸ್ ಅಂದರೆ ಮೊದಲು ಕೈ ಹಾಕಬೇಕಾದವು, ನೈಟ್ರೋಫ್ಯುರಾಂಟಾಯಿನ್, ಅಮಿಕಾಸಿನ್, ಡಾಕ್ಸಿಸೈಕ್ಲಿನ್ ಥರದವು. 'ವಾಚ್' ಅಂದರೆ ಹುಷಾರಾಗಿ ಬಳಸಬೇಕಾದವು. ಸೆಫ್ಟ್ರಿಯಾಕ್ಸೋನ್, ಮೆರೋಪೆನೆಮ್, ಕೊನೆಗೆ ನಮ್ಮ ಜನ ಶೀತಕ್ಕೂ ನುಂಗುವ ಅಜಿತ್ರೋಮೈಸಿನ್ ಕೂಡ ಅದರಲ್ಲೇ. 'ರಿಸರ್ವ್' ಅಂದರೆ ಬೀಗ ಹಾಕಿಡಬೇಕಾದವು. ಕೊಲಿಸ್ಟಿನ್ ಅಲ್ಲಿದೆ.

ಈ ಪಟ್ಟಿ ಹಿಡಿದು ನನ್ನ ಹಳೇ ರಿಪೋರ್ಟ್ ನೋಡಿದರೆ ನಗು ಬರುತ್ತದೆ. ಮೂರೂ ಗುಂಪು ಕಲಸುಮೇಲೋಗರ.

ನಮ್ಮ ದೇಶದಲ್ಲೂ ಕಾಗದದ ಮೇಲೆ ಕಮ್ಮಿ ಕೆಲಸ ಆಗಿಲ್ಲ. 2014ರಿಂದ ಶೆಡ್ಯೂಲ್ ಎಚ್1 ಅನ್ನೋ ಔಷಧಿ ಪಟ್ಟಿ ಇದೆ. ಅದರಲ್ಲಿರುವ ಔಷಧಿ ಮಾರಿದರೆ ಮೆಡಿಕಲ್ ಶಾಪ್‌ನವರು ಡಾಕ್ಟರ್ ಹೆಸರು, ರೋಗಿಯ ಹೆಸರು ಬರೆದು ರಿಜಿಸ್ಟರನ್ನು ಮೂರು ವರ್ಷ ಇಡಬೇಕು. 2017ರಲ್ಲಿ ಈ ಸಮಸ್ಯೆಗೇ ಅಂತ ರಾಷ್ಟ್ರೀಯ ಕ್ರಿಯಾ ಯೋಜನೆ ಬಂತು. 2019ರಲ್ಲಿ ಕೋಳಿ, ಮೀನು ಸಾಕಣೆಗೆ, ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ತಯಾರಿಸಬಾರದು, ಮಾರಬಾರದು ಅಂತ ಕೇಂದ್ರ ಸರ್ಕಾರ ನಿಷೇಧ ಹಾಕಿತು. 2024ರ ಜನವರಿಯಲ್ಲಿ, ಆಂಟಿಬಯೋಟಿಕ್ ಬರೆದರೆ ಯಾಕೆ ಅಂತಲೂ ಚೀಟಿಯಲ್ಲಿ ಬರೆಯಿರಿ ಅಂತ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಡಾಕ್ಟರುಗಳನ್ನು ಕೇಳಿಕೊಂಡಿತು. ಇವೆಲ್ಲದರಲ್ಲಿ ನನಗೆ ತುಂಬ ಹಿಡಿಸಿದ್ದು ಈ ಕೊನೆಯದು. 'ಯಾಕೆ' ಅಂತ ಬರೆಯೋಕೆ ಪೆನ್ನು ಎತ್ತಿದವರು ಎಷ್ಟೋ ಸಲ ಔಷಧಿಯನ್ನೇ ಬಿಟ್ಟುಬಿಡುತ್ತಾರೆ.

ನವೆಂಬರ್ 18ರಿಂದ 24, ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳ ಬಗ್ಗೆ ಜಾಗೃತಿ ಸಪ್ತಾಹ. ನಮ್ಮಲ್ಲಿ ರಂಗೋಲಿ ಸ್ಪರ್ಧೆ ಇರುತ್ತದೆ. ಒಂದು ವರ್ಷ ನರ್ಸಿಂಗ್ ಹುಡುಗಿಯರು ಇ.ಕೋಲಿಗೆ ಕಣ್ಣು, ಮೀಸೆ ಬಿಡಿಸಿ ಮೊದಲ ಬಹುಮಾನ ಹೊಡೆದರು. ಚೆಂದ ಇತ್ತು. ಆದರೆ ಅದೇ ವಾರ ಮೂತ್ರದ ಡಬ್ಬಿಗಳು ವಾರ್ಡಿನ ಕಿಟಕಿ ಕಟ್ಟೆಯ ಮೇಲೆ ಬಿಸಿಲಲ್ಲಿ ಕೂತಿದ್ದವು. ಅನುಕೂಲ ಸಿಕ್ಕಿದರೆ ಇ.ಕೋಲಿ ಇಪ್ಪತ್ತು ನಿಮಿಷಕ್ಕೆ ಎರಡರಷ್ಟಾಗುತ್ತದೆ. ಬೆಳಿಗ್ಗೆ ಆರಕ್ಕೆ ಹಿಡಿದದ್ದು ಹನ್ನೊಂದಕ್ಕೆ ನನ್ನ ಹತ್ತಿರ ಬಂದರೆ, ಇಲ್ಲದ ಇನ್‌ಫೆಕ್ಷನ್ ನನ್ನ ಪ್ಲೇಟಿನಲ್ಲಿ ಹುಟ್ಟಿಕೊಳ್ಳುತ್ತದೆ. ಮುಂದಿನದು ಗೊತ್ತಲ್ಲ, ರಿಪೋರ್ಟು, ಇಂಜೆಕ್ಷನ್ನು. ಈಗ ಎರಡು ಗಂಟೆ ದಾಟಿದ, ಫ್ರಿಜ್‌ನಲ್ಲಿಡದ ಮೂತ್ರವನ್ನು ವಾಪಸ್ ಕಳಿಸುತ್ತೇನೆ. ಸ್ಯಾಂಪಲ್ ತರುವ ಅಣ್ಣ ಮೊದಲು ಬೈಕೊಳ್ತಿದ್ದ, ಈಗ ವಾರ್ಡಿನ ಸಿಸ್ಟರ್‌ಗಳಿಗೆ ಅವನೇ ಟೈಮ್ ಹೇಳಿ ಹೆದರಿಸ್ತಾನೆ.

ಇವತ್ತು ಬೆಳಿಗ್ಗೆಯೂ ಒಂದು ಡಬ್ಬಿ ಬಂತು. ಕ್ಯಾಥೆಟರ್ ಮೂತ್ರ, ಫಾರ್ಮಿನಲ್ಲಿ 'ಕಾರಣ' ಅನ್ನೋ ಜಾಗ ಖಾಲಿ. ವಾರ್ಡಿಗೆ ಫೋನ್ ಮಾಡಿದೆ.

"ಸಿಸ್ಟರ್, ಪೇಷೆಂಟ್‌ಗೆ ಜ್ವರ ಇದೆಯಾ?"

"ಇಲ್ಲ ಮೇಡಂ, ಆರಾಮಾಗಿದಾರೆ. ಯೂರಿನ್ ವಾಸನೆ ಬರ್ತಿದೆ ಅಂತ ಅವರ ಮಗ ಹೇಳಿದ್ರು, ಅದಕ್ಕೆ ಕಳಿಸಿದ್ವಿ."

"ಕ್ಯಾಥೆಟರ್ ಇನ್ನೂ ಬೇಕಾ ಅವರಿಗೆ?"

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಫೈಲ್ ತಿರುವುವ ಸದ್ದು.

"ಎದ್ದು ಓಡಾಡ್ತಿದಾರೆ ಮೇಡಂ. ತಡೀರಿ, ಡಾಕ್ಟರ್ ರೌಂಡ್ಸ್‌ಗೆ ಬಂದಿದಾರೆ, ಕೇಳ್ತೀನಿ."